ಹಳೆಯ ಕಂಪ್ಯೂಟರ್: ಸರಿಮಾಡಿಸೋಣವೇ, ಹೊಸದು ಕೊಳ್ಳೋಣವೇ?

(ಸಂಘದ ಸಭೆಯಲ್ಲಿ ಓದಿ ಚರ್ಚಿಸಲು ಒಂದು ಪಾಠ)



ನಮ್ಮ ಅನೇಕ ಸಂಘಗಳಲ್ಲಿ, ಒಕ್ಕೂಟಗಳಲ್ಲಿ ಒಂದು ಕಂಪ್ಯೂಟರ್ ಇದೆ. ಉಳಿತಾಯ, ಸಾಲ, ಬಡ್ಡಿ, ಮರುಪಾವತಿ ಎಲ್ಲದರ ಲೆಕ್ಕ ಅದರಲ್ಲಿದೆ. ಎಂಟೋ ಹತ್ತೋ ವರ್ಷದ ಹಿಂದೆ ತಂದದ್ದು. ಈಗ ಬೆಳಿಗ್ಗೆ ಸ್ವಿಚ್ ಹಾಕಿ, ಚಹಾ ಕುಡಿದು ಬಂದರೂ ಪೂರ್ತಿ ತೆರೆದಿರುವುದಿಲ್ಲ. ಆಗ ಸಭೆಯಲ್ಲಿ ಎರಡು ಮಾತು ಬರುತ್ತದೆ. “ಹಳೇದಾಯ್ತು, ಹೊಸದೇ ತಗೊಳ್ಳೋಣ” ಅಂತ ಕೆಲವರು. “ಇರೋದೇ ಸಾಕು, ದುಡ್ಡು ಎಲ್ಲಿಂದ ತರೋದು?” ಅಂತ ಇನ್ನು ಕೆಲವರು. ಎರಡು ಮಾತಿನಲ್ಲೂ ಸತ್ಯವಿದೆ. ಆದರೆ ಎರಡೂ ಲೆಕ್ಕ ಹಾಕದೆ ಆಡಿದ ಮಾತು.

ಸಂಘದ ಹಣ ನಮ್ಮೆಲ್ಲರ ವಾರದ ಉಳಿತಾಯದಿಂದ ಬಂದದ್ದು. ಒಬ್ಬ ಸದಸ್ಯೆಗೆ ಮಗಳ ಫೀಸಿಗೆ, ಇನ್ನೊಬ್ಬರಿಗೆ ಬಿತ್ತನೆ ಬೀಜಕ್ಕೆ ಸಾಲವಾಗಿ ಹೋಗಬೇಕಾದ ಹಣ. ಆದ್ದರಿಂದ ಕಂಪ್ಯೂಟರಿನ ವಯಸ್ಸನ್ನು ಮಾತ್ರ ನೋಡಿ ತೀರ್ಮಾನ ಮಾಡಬಾರದು. ನಮಗೆ ಯಾವ ಕೆಲಸ ಆಗಬೇಕು, ಯಾವ ಭಾಗ ಸೋತಿದೆ, ವರ್ಷಕ್ಕೆ ಎಷ್ಟು ಖರ್ಚು ಬೀಳುತ್ತದೆ, ಈ ಮೂರನ್ನು ನೋಡಿ ತೀರ್ಮಾನಿಸಬೇಕು. ಹೇಗೆ ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಎಲ್ಲಕ್ಕಿಂತ ಮೊದಲು: ಲೆಕ್ಕವನ್ನು ಕಾಪಾಡಿ

ರಿಪೇರಿಗೆ ಕೊಡುವ ಮೊದಲು ಕಂಪ್ಯೂಟರಿನಲ್ಲಿರುವ ಎಲ್ಲಾ ಲೆಕ್ಕ, ಪತ್ರ, ಫೋಟೋಗಳನ್ನು ಪೆನ್‌ಡ್ರೈವಿಗೋ ಹೊರಗಿನ ಹಾರ್ಡ್‌ಡಿಸ್ಕಿಗೋ ನಕಲು ಮಾಡಿಕೊಳ್ಳಿ. ಒಂದಲ್ಲ, ಎರಡು ನಕಲು ಮಾಡಿ. ಒಂದು ಕಚೇರಿಯಲ್ಲಿರಲಿ, ಇನ್ನೊಂದು ಅಧ್ಯಕ್ಷೆ ಅಥವಾ ಕಾರ್ಯದರ್ಶಿಯ ಮನೆಯಲ್ಲಿರಲಿ. ನಕಲು ಮಾಡಿದ ಮೇಲೆ ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ತೆರೆಯದ ನಕಲು ನಕಲೇ ಅಲ್ಲ. ಯಂತ್ರ ಹೋದರೆ ಇನ್ನೊಂದು ಸಿಗುತ್ತದೆ. ಹತ್ತು ವರ್ಷದ ಲೆಕ್ಕ ಹೋದರೆ ಅಂಗಡಿಯಲ್ಲಿ ಸಿಗುವುದಿಲ್ಲ.

ಒಂದನೆಯ ಪ್ರಶ್ನೆ: ನಮಗೆ ಯಾವ ಕೆಲಸ ಆಗಬೇಕು?

ಒಂದು ಹಾಳೆಯಲ್ಲಿ ಬರೆಯಿರಿ. ಲೆಕ್ಕ ಬರೆಯುವುದು, ಠರಾವು ಮತ್ತು ಅರ್ಜಿ ಟೈಪ್ ಮಾಡುವುದು, ಇಮೇಲ್ ನೋಡುವುದು, ಪ್ರಿಂಟ್ ತೆಗೆಯುವುದು, ಸರ್ಕಾರದ ವೆಬ್‌ಸೈಟಿನಲ್ಲಿ ಅರ್ಜಿ ಹಾಕುವುದು. ಬಹುತೇಕ ಸಂಘಗಳ ಕೆಲಸ ಇಷ್ಟೇ. ಇವಕ್ಕೆ ಭಾರಿ ಬೆಲೆಯ ಯಂತ್ರ ಬೇಕಿಲ್ಲ. ವಿಡಿಯೋ ತಯಾರಿಸುವ, ಹತ್ತಾರು ಮಂದಿಗೆ ಕಂಪ್ಯೂಟರ್ ಕಲಿಸುವ ಯೋಜನೆ ಇದ್ದರೆ ಮಾತು ಬೇರೆ. ಹೊಲಕ್ಕೆ ಹೋಗಲು ಚಪ್ಪಲಿ ಸಾಕು, ಮದುವೆಗೆ ಹೋಗುವ ಚಪ್ಪಲಿ ಬೇಡ.

ಎರಡನೆಯ ಪ್ರಶ್ನೆ: ಯಾವ ಭಾಗ ಸೋತಿದೆ?

ಕಂಪ್ಯೂಟರನ್ನು ಒಂದು ಅಡುಗೆಮನೆ ಅಂದುಕೊಳ್ಳಿ. ಪ್ರೊಸೆಸರ್ ಅಂದರೆ ಅಡುಗೆ ಮಾಡುವವರು. ರ‍್ಯಾಮ್ ಅಂದರೆ ಅಡುಗೆ ಕಟ್ಟೆ. ಈಗ ಬೇಕಾದ ಸಾಮಾನನ್ನೆಲ್ಲ ಹರವಿಕೊಳ್ಳುವ ಜಾಗ. ಹಾರ್ಡ್‌ಡಿಸ್ಕ್ ಅಂದರೆ ಉಗ್ರಾಣ. ಮದರ್‌ಬೋರ್ಡ್ ಅಂದರೆ ಇವೆಲ್ಲ ನಿಂತಿರುವ ಮನೆ. ಅಡುಗೆ ತಡವಾದರೆ ಮನೆಯನ್ನೇ ಕೆಡವುತ್ತೇವೆಯೇ? ಕಟ್ಟೆ ಚಿಕ್ಕದೋ, ಉಗ್ರಾಣ ದೂರವೋ ಅಂತ ನೋಡುತ್ತೇವೆ. ಇಲ್ಲೂ ಹಾಗೆಯೇ.

ವಿಂಡೋಸ್ 10 ಅಥವಾ 11 ಇರುವ ಕಂಪ್ಯೂಟರಿನಲ್ಲಿ ಇದನ್ನು ನಾವೇ ನೋಡಬಹುದು. ಎಂದಿನ ಕೆಲಸ ಮಾಡುತ್ತಿರುವಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಎಂಬ ಕಿಟಕಿ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಎಂಬಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಎಂದು ಮೂರು ಸಾಲು ಕಾಣುತ್ತದೆ. ಸಿಪಿಯು ಅಂದರೆ ಪ್ರೊಸೆಸರ್, ಮೆಮೊರಿ ಅಂದರೆ ರ‍್ಯಾಮ್. ಹತ್ತು ನಿಮಿಷ ಗಮನಿಸಿ ಬರೆದುಕೊಳ್ಳಿ.

• ಡಿಸ್ಕ್ ಯಾವಾಗಲೂ ಶೇಕಡಾ 100ರ ಹತ್ತಿರ ನಿಂತಿದ್ದರೆ ಹಾರ್ಡ್‌ಡಿಸ್ಕ್ ನಿಧಾನ. ಹಳೆಯ ಹಾರ್ಡ್‌ಡಿಸ್ಕಿನ ಒಳಗೆ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತವೆ. ಒಂದು ಸಣ್ಣ ಕೈ ಅದರ ಮೇಲೆ ಓಡಾಡಿ ಓದುತ್ತದೆ. ಅದರ ಬದಲು ಎಸ್‌ಎಸ್‌ಡಿ ಹಾಕಿಸಬಹುದು. ಅದರಲ್ಲಿ ತಿರುಗುವ ಭಾಗವೇ ಇಲ್ಲ. ಹಳೆಯ ಕಂಪ್ಯೂಟರಿಗೆ ಹೆಚ್ಚು ವೇಗ ಕೊಡುವ ಬದಲಾವಣೆ ಸಾಮಾನ್ಯವಾಗಿ ಇದೇ. ನಮ್ಮ ಲೆಕ್ಕಪತ್ರಕ್ಕೆ 240 ಅಥವಾ 256 ಜಿಬಿ ಧಾರಾಳ ಸಾಕು.

• ಮೆಮೊರಿ ಶೇಕಡಾ 90 ದಾಟಿದ್ದರೆ ರ‍್ಯಾಮ್ ಕಡಿಮೆ. 4 ಜಿಬಿ ಇರುವಲ್ಲಿ 8 ಜಿಬಿ ಮಾಡಿಸಿದರೆ ಕಚೇರಿ ಕೆಲಸಕ್ಕೆ ಸಾಕಾಗುತ್ತದೆ. ಆದರೆ ಡಿಡಿಆರ್3, ಡಿಡಿಆರ್4, ಡಿಡಿಆರ್5 ಎಂದು ರ‍್ಯಾಮಿನಲ್ಲಿ ಬೇರೆ ಬೇರೆ ತಲೆಮಾರಿವೆ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಇನ್ನೊಂದು ವಿಷಯ: 32 ಬಿಟ್ ವಿಂಡೋಸ್ ಇದ್ದರೆ 4 ಜಿಬಿಗಿಂತ ಹೆಚ್ಚು ಹಾಕಿದರೂ ಅದು ಬಳಸಿಕೊಳ್ಳುವುದಿಲ್ಲ. 64 ಬಿಟ್ ಹಾಕಿಸಬೇಕು.

• ಸಿಪಿಯು ಸಣ್ಣ ಕೆಲಸಕ್ಕೂ ಶೇಕಡಾ 100 ತೋರಿಸುತ್ತಿದ್ದರೆ ಮೊದಲು ವೈರಸ್ ಇದೆಯೇ, ಬೇಡದ ಪ್ರೋಗ್ರಾಂ ಓಡುತ್ತಿದೆಯೇ ನೋಡಿಸಿ. ಅದೂ ಇಲ್ಲವಾದರೆ ಪ್ರೊಸೆಸರಿಗೇ ವಯಸ್ಸಾಗಿದೆ. ಅಲ್ಲಿ ದುಡ್ಡು ಹಾಕುವ ಮೊದಲು ಎರಡು ಸಲ ಯೋಚಿಸಿ.

ಕೆಲವು ತೊಂದರೆ ದೊಡ್ಡದಾಗಿ ಕಾಣುತ್ತದೆ, ಖರ್ಚು ಮಾತ್ರ ಚಿಕ್ಕದು. ಪ್ರತಿ ಸಲ ತಾರೀಖು, ಗಂಟೆ ತಪ್ಪಾಗಿ ತೋರಿಸಿದರೆ ಬೋರ್ಡಿನ ಮೇಲಿರುವ ನಾಣ್ಯದಂಥ ಸೆಲ್ ಮುಗಿದಿರುತ್ತದೆ. ಸಾಮಾನ್ಯವಾಗಿ ಸಿಆರ್ 2032 ಎಂಬ ಸೆಲ್. ಅರ್ಧ ಗಂಟೆ ಓಡಿ ತಾನೇ ಆಫ್ ಆದರೆ ಧೂಳು ತುಂಬಿ ಬಿಸಿ ಆಗಿರಬಹುದು. ಫ್ಯಾನ್ ಸ್ವಚ್ಛ ಮಾಡಿಸಿ. ಕರೆಂಟ್ ಹೋದ ಕೂಡಲೇ ಆಫ್ ಆದರೆ ದೋಷ ಯುಪಿಎಸ್ ಬ್ಯಾಟರಿಯದ್ದು, ಕಂಪ್ಯೂಟರಿನದ್ದಲ್ಲ. ಇಂಥದ್ದಕ್ಕೆಲ್ಲ ಹೊಸ ಕಂಪ್ಯೂಟರ್ ತರುವುದು, ತಿಗಣೆಗೆ ಹೆದರಿ ಮನೆಗೆ ಬೆಂಕಿ ಹಚ್ಚಿದ ಹಾಗೆ.

ಮೂರನೆಯ ಪ್ರಶ್ನೆ: ವಿಂಡೋಸ್ ಯಾವುದು?

ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಕಂಪನಿ 2020ರ ಜನವರಿ 14ರಂದು ಬೆಂಬಲ ನಿಲ್ಲಿಸಿತು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಹಾಗೆಂದರೆ ಆ ದಿನ ಕಂಪ್ಯೂಟರ್ ಬಂದ್ ಆಯಿತು ಅಂತಲ್ಲ. ಅದು ಓಡುತ್ತದೆ. ಆದರೆ ಕಳ್ಳರು ಹೊಸ ಕಿಂಡಿ ಕಂಡುಹಿಡಿದಾಗ ಅದನ್ನು ಮುಚ್ಚುವ ಕೆಲಸವನ್ನು ಕಂಪನಿ ಎಂದಿನಂತೆ ಮಾಡುವುದಿಲ್ಲ. ಇಂಟರ್ನೆಟ್ ಇಲ್ಲದೆ ಬರೀ ಲೆಕ್ಕ ಬರೆಯುವ ಯಂತ್ರಕ್ಕೆ ಇದರಿಂದ ಭಯ ಕಡಿಮೆ. ಬ್ಯಾಂಕಿನ ಕೆಲಸ, ಸದಸ್ಯರ ಆಧಾರ್ ವಿವರ ಅದರಲ್ಲಿದ್ದರೆ ಮಾತ್ರ ಸುಮ್ಮನೆ ಕೂರಬಾರದು.

ವಿಂಡೋಸ್ 11 ಎಲ್ಲಾ ಹಳೆಯ ಯಂತ್ರಕ್ಕೂ ಹೊಂದುವುದಿಲ್ಲ. ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಅದರ ನಂತರದ್ದಾಗಿರಬೇಕು. ತಲೆಮಾರು ತಿಳಿಯುವುದು ಸುಲಭ. ಐ5-4570 ಎಂದಿದ್ದರೆ ಗೆರೆಯ ನಂತರದ ಮೊದಲ ಅಂಕಿ 4, ಅದು ನಾಲ್ಕನೇ ತಲೆಮಾರು. ಐ5-8400 ಎಂದಿದ್ದರೆ ಎಂಟನೆಯದು. ಐ3-10100 ಎಂದು ಐದು ಅಂಕಿ ಇದ್ದರೆ ಹತ್ತನೆಯದು.

ಎಂಟನೆಯದಕ್ಕಿಂತ ಹಳೆಯದಾದರೆ ಇನ್ನೊಂದು ದಾರಿ ಇದೆ. ಲಿನಕ್ಸ್ ಮಿಂಟ್, ಉಬುಂಟು ಮುಂತಾದವು ಉಚಿತ. ಟೈಪಿಂಗಿಗೆ, ಲೆಕ್ಕದ ಹಾಳೆಗೆ ಲಿಬ್ರೆ ಆಫೀಸ್ ಕೂಡ ಉಚಿತ. ಯೂನಿಕೋಡ್ ಕನ್ನಡ ಚೆನ್ನಾಗಿ ಬರುತ್ತದೆ. ಆದರೆ ನಿಮ್ಮ ಲೆಕ್ಕ ಟ್ಯಾಲಿಯಲ್ಲಿದ್ದರೆ, ಹಳೆಯ ಪತ್ರಗಳು ನುಡಿ ತಂತ್ರಾಂಶದಲ್ಲಿದ್ದರೆ ಅವು ವಿಂಡೋಸಿಗೆ ಮಾಡಿದವು. ನಿಮ್ಮ ಪ್ರಿಂಟರ್, ಬೆರಳಚ್ಚು ಯಂತ್ರ ಲಿನಕ್ಸಿನಲ್ಲಿ ನಡೆಯುತ್ತದೆಯೇ ಅಂತಲೂ ಕೇಳಿ, ಆಮೇಲೆ ಬದಲಾಯಿಸಿ. “ಫ್ರೀಯಾಗಿ ವಿಂಡೋಸ್ ಹಾಕ್ಕೊಡ್ತೀವಿ” ಎಂದು ಯಾರಾದರೂ ಕಳ್ಳ ಪ್ರತಿ ಹಾಕಲು ಬಂದರೆ ಬೇಡ ಅನ್ನಿ. ಅದರೊಂದಿಗೆ ವೈರಸ್ ಬರುವ ಅಪಾಯ ಹೆಚ್ಚು.

ನಾಲ್ಕನೆಯ ಪ್ರಶ್ನೆ: ವರ್ಷಕ್ಕೆ ಎಷ್ಟು ಬೀಳುತ್ತದೆ?

ಇದು ನಮಗೆ ಚೆನ್ನಾಗಿ ಗೊತ್ತಿರುವ ಲೆಕ್ಕ. ಖರ್ಚನ್ನು ಅದು ಬಾಳುವ ವರ್ಷಗಳಿಂದ ಭಾಗಿಸಿ. ಕೆಳಗಿನ ಅಂಕಿಗಳು ಲೆಕ್ಕ ಕಲಿಯಲು ಮಾತ್ರ. ನಿಜವಾದ ದರವನ್ನು ನಿಮ್ಮ ಊರಿನ ಅಂಗಡಿಯಲ್ಲಿ ಕೇಳಿ ಬರೆಯಿರಿ.

ಮೊದಲನೆಯ ಉದಾಹರಣೆ: ಬೋರ್ಡ್ ಚೆನ್ನಾಗಿದೆ, ವೇಗ ಮಾತ್ರ ಇಲ್ಲ. ಎಸ್‌ಎಸ್‌ಡಿ, ರ‍್ಯಾಮ್, ಕೂಲಿ ಸೇರಿ 6,000 ರೂಪಾಯಿ. ಇನ್ನು 3 ವರ್ಷ ಬಾಳಿದರೆ ವರ್ಷಕ್ಕೆ 2,000 ರೂಪಾಯಿ. ಹೊಸದಕ್ಕೆ 36,000 ರೂಪಾಯಿ, 6 ವರ್ಷ ಬಾಳಿದರೆ ವರ್ಷಕ್ಕೆ 6,000 ರೂಪಾಯಿ. ಸರಿಮಾಡಿಸಿದ ಯಂತ್ರ ಒಂದೇ ವರ್ಷ ಬಾಳಿದರೂ ಸಮ ಆಯಿತು. ಅದಕ್ಕಿಂತ ಹೆಚ್ಚು ಬಾಳಿದ್ದೆಲ್ಲ ಲಾಭ. ಇನ್ನೂ ಒಂದು ಲೆಕ್ಕ ಇದೆ. ಎರಡರ ನಡುವಿನ 30,000 ರೂಪಾಯಿ ಸಂಘದಲ್ಲೇ ಉಳಿಯುತ್ತದೆ. ಅದು ಸದಸ್ಯರಿಗೆ ನೂರಕ್ಕೆ ತಿಂಗಳಿಗೆ 1 ರೂಪಾಯಿ ಬಡ್ಡಿಯಂತೆ ಸಾಲವಾಗಿ ಹೋದರೆ ತಿಂಗಳಿಗೆ 300, ವರ್ಷಕ್ಕೆ 3,600 ರೂಪಾಯಿ ಸಂಘಕ್ಕೇ ಬರುತ್ತದೆ. ಇಲ್ಲಿ ಸರಿಮಾಡಿಸುವುದೇ ಜಾಣತನ.

ಎರಡನೆಯ ಉದಾಹರಣೆ: ಬೋರ್ಡೇ ಹೋಗಿದೆ. ಬೋರ್ಡ್, ಪ್ರೊಸೆಸರ್, ರ‍್ಯಾಮ್ ಸೇರಿ 15,000, ಎಸ್‌ಎಸ್‌ಡಿಗೆ 4,000, ಒಟ್ಟು 19,000 ರೂಪಾಯಿ. ಮಾನಿಟರ್, ವಿದ್ಯುತ್ ಪೆಟ್ಟಿಗೆ ಎಲ್ಲಾ ಹಳೆಯದೇ ಆದ್ದರಿಂದ 3 ವರ್ಷ ಅಂತ ಹಿಡಿದರೆ ವರ್ಷಕ್ಕೆ 6,333 ರೂಪಾಯಿ. ಹೊಸದಕ್ಕಿಂತ ಜಾಸ್ತಿಯಾಯಿತು! ಇಲ್ಲಿ ಹೊಸದೇ ಸರಿ.

ನೆನಪಿಡಲು ಸುಲಭದ ಸೂತ್ರ ಇದು: ರಿಪೇರಿ ಖರ್ಚು ಹೊಸದರ ಅರ್ಧ ದಾಟಿದರೆ ರಿಪೇರಿ ಬೇಡ. ಬೋರ್ಡಿನ ಮೇಲಿನ ಸಣ್ಣ ಡಬ್ಬಿಯಂಥ ಕೆಪಾಸಿಟರುಗಳು ಉಬ್ಬಿದ್ದರೆ, ಒಂದೇ ವರ್ಷದಲ್ಲಿ ಮೂರು ಸಲ ರಿಪೇರಿ ಬಂದಿದ್ದರೆ, ಬೇಕಾದ ಬಿಡಿಭಾಗ ಸಿಗದಿದ್ದರೆ ಆಗಲೂ ಹೊಸದನ್ನೇ ಯೋಚಿಸಿ. ಯಂತ್ರ ಕೆಟ್ಟಾಗಲೆಲ್ಲ ಲೆಕ್ಕ ಬರೆಯುವವರು ಪೇಟೆಗೆ ಹೋಗಿಬರುವ ಬಸ್ ಚಾರ್ಜು, ಒಂದು ದಿನದ ಕೂಲಿ ಇವನ್ನೂ ಖರ್ಚಿಗೆ ಸೇರಿಸಿ. ಹೆಣ್ಣುಮಕ್ಕಳ ಸಮಯಕ್ಕೆ ಬೆಲೆ ಇಲ್ಲ ಅಂತ ಲೆಕ್ಕ ಹಾಕಬೇಡಿ.

ಅಂಗಡಿಗೆ ಹೋದಾಗ

• ಒಬ್ಬರೇ ಹೋಗಬೇಡಿ. ಇಬ್ಬರು ಮೂವರು ಹೋಗಿ. ಕನಿಷ್ಠ ಮೂರು ಕಡೆ ಬರವಣಿಗೆಯಲ್ಲಿ ದರಪಟ್ಟಿ ಪಡೆಯಿರಿ.
• “ಜಿಎಸ್‌ಟಿ ಸೇರಿಯೋ, ಬಿಟ್ಟೋ?” ಅಂತ ಕೇಳಿ. ಶೇಕಡಾ 18 ತೆರಿಗೆ ಸೇರಿದರೆ 30,000 ಎಂದದ್ದು 35,400 ಆಗುತ್ತದೆ.
• ಹೋದ ವರ್ಷದ ದರ ನಂಬಿ ಬಜೆಟ್ ಮಾಡಬೇಡಿ. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಚಿಪ್ಪುಗಳ ಬೆಲೆ ಜೋರಾಗಿ ಏರಿತು. ಕೃತಕ ಬುದ್ಧಿಮತ್ತೆಯ ದೊಡ್ಡ ಕೇಂದ್ರಗಳಿಗೆ ಅವು ಹೆಚ್ಚು ಹೋದದ್ದೇ ಮುಖ್ಯ ಕಾರಣ.
• ಕಂಪನಿಗಳು ಬಳಸಿ ಬಿಟ್ಟ, ಸರಿಮಾಡಿ ಮಾರುವ ಕಂಪ್ಯೂಟರ್ ಕೊಳ್ಳುವುದಾದರೆ ಪ್ರೊಸೆಸರ್ ತಲೆಮಾರು ಮೊದಲು ನೋಡಿ. ಎಂಟಕ್ಕಿಂತ ಹಳೆಯದಾದರೆ ಕಡಿಮೆ ಬೆಲೆಗೂ ಮರುಳಾಗಬೇಡಿ.
• ಬಿಲ್ಲು ಮತ್ತು ವಾರಂಟಿ ಕಾರ್ಡು ಸಂಘದ ಹೆಸರಿನಲ್ಲೇ ಇರಲಿ.
• ತೆಗೆದ ಹಳೆಯ ಭಾಗಗಳನ್ನು ವಾಪಸ್ ಕೇಳಿ ಪಡೆಯಿರಿ. ಹಳೆಯ ಹಾರ್ಡ್‌ಡಿಸ್ಕನ್ನಂತೂ ಅಂಗಡಿಯಲ್ಲಿ ಬಿಡಲೇಬೇಡಿ. ಅದರಲ್ಲಿ ಸದಸ್ಯರ ಖಾತೆ ವಿವರ ಇರುತ್ತದೆ.

ಹಳೆಯದನ್ನು ಏನು ಮಾಡುವುದು?

ಗುಜರಿಗೆ ಹಾಕಬೇಡಿ, ಸುಡಬೇಡಿ. ಸೀಸದಂಥ ವಿಷಲೋಹ ಅದರಲ್ಲಿರುತ್ತದೆ. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ನೋಂದಾಯಿತ ಮರುಬಳಕೆ ಘಟಕಕ್ಕೇ ಕೊಡಿ. ಓಡುವ ಸ್ಥಿತಿಯಲ್ಲಿದ್ದರೆ ಡಿಸ್ಕನ್ನು ಪೂರ್ತಿ ಅಳಿಸಿ, ಮಕ್ಕಳು ಟೈಪಿಂಗ್ ಕಲಿಯಲು ಇಡಬಹುದು.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಲೆಕ್ಕದ ನಕಲು ಈಗ ಎಷ್ಟಿದೆ? ಎಲ್ಲಿದೆ? ಕೊನೆಗೆ ತೆರೆದು ನೋಡಿದ್ದು ಯಾವಾಗ?
2. ನಮ್ಮ ಕಂಪ್ಯೂಟರಿನಲ್ಲಿ ಡಿಸ್ಕ್, ಮೆಮೊರಿ, ಸಿಪಿಯು ಯಾವುದು ಹೆಚ್ಚು ದಣಿದಿದೆ?
3. ಕಳೆದ ಒಂದು ವರ್ಷದಲ್ಲಿ ರಿಪೇರಿಗೆ ಒಟ್ಟು ಎಷ್ಟು ಖರ್ಚಾಗಿದೆ?
4. ಕಂಪ್ಯೂಟರ್ ನಡೆಸಲು ನಮ್ಮಲ್ಲಿ ಎಷ್ಟು ಜನಕ್ಕೆ ಬರುತ್ತದೆ? ಒಬ್ಬರಿಗೆ ಮಾತ್ರ ಬಂದರೆ, ಇನ್ನಿಬ್ಬರು ಯಾರು ಕಲಿಯುತ್ತಾರೆ?

ಮುಂದಿನ ಸಭೆಗೆ ಮೊದಲು ಮಾಡುವ ಕೆಲಸ

ಇಬ್ಬರು ಸದಸ್ಯರು ಟಾಸ್ಕ್ ಮ್ಯಾನೇಜರ್ ನೋಡಿ ಬರೆದು ತರಲಿ. ಇನ್ನಿಬ್ಬರು ಮೂರು ದರಪಟ್ಟಿ ತರಲಿ. ಎಲ್ಲರೂ ಕೂಡಿ ವರ್ಷದ ಲೆಕ್ಕ ಹಾಕಿ, ಠರಾವು ಪುಸ್ತಕದಲ್ಲಿ ಹೀಗೆ ಬರೆಯಿರಿ: “ಸಂಘದ ಕಂಪ್ಯೂಟರನ್ನು ಪರೀಕ್ಷಿಸಿ, ಮೂರು ದರಪಟ್ಟಿಗಳನ್ನು ಹೋಲಿಸಿ, ಇಂಥ ಕಾರಣಕ್ಕೆ ಇಷ್ಟು ರೂಪಾಯಿ ಮೀರದಂತೆ ಸರಿಮಾಡಿಸಲು ಅಥವಾ ಹೊಸದು ಕೊಳ್ಳಲು ಸರ್ವಾನುಮತದಿಂದ ನಿರ್ಣಯಿಸಲಾಯಿತು.” ಕಾರಣವನ್ನು ಬಿಡದೆ ಬರೆಯಿರಿ. ನಾಳೆ ಹೊಸ ಸದಸ್ಯೆಯೊಬ್ಬರು “ಅಷ್ಟು ದುಡ್ಡು ಯಾಕೆ ಹಾಕಿದ್ರಿ ಅಕ್ಕಾ?” ಅಂತ ಕೇಳಿದರೆ ಪುಸ್ತಕ ತೆರೆದು ತೋರಿಸುವಂತಿರಬೇಕು.