ಮಗ್ಗ ತಾನೇ ನೇಯಲು ಕಲಿತದ್ದು ಹೇಗೆ?



ಬಟ್ಟೆ ನೇಯುವುದು ಅಂದ ಕೂಡಲೆ ಬಹಳ ಜನ ಚರಕದ ಚಿತ್ರ ಬರೆಯುತ್ತಾರೆ. ಚರಕ ಬಟ್ಟೆ ನೇಯುವುದಿಲ್ಲ. ಅದು ಹತ್ತಿಯಿಂದ ನೂಲು ತೆಗೆಯುತ್ತದೆ, ಅಷ್ಟೆ. ನೂಲನ್ನು ಬಟ್ಟೆ ಮಾಡುವುದು ಮಗ್ಗ. ಸಮಾಜ ಪಾಠದಲ್ಲಿ ಕೈಗಾರಿಕಾ ಕ್ರಾಂತಿ ಅಂತ ಬರುತ್ತದೆ. ಅಲ್ಲಿ ಜಾನ್ ಕೇ, ಕಾರ್ಟ್‌ರೈಟ್ ಎಂಬ ಹೆಸರುಗಳನ್ನು ನಾವೆಲ್ಲ ಬಾಯಿಪಾಠ ಮಾಡುತ್ತೇವೆ. ಆದರೆ ಅವರು ಕಂಡುಹಿಡಿದದ್ದು ಹೇಗೆ ಕೆಲಸ ಮಾಡುತ್ತಿತ್ತು ಅಂತ ಕೇಳಿದರೆ ಉತ್ತರ ಬರುವುದಿಲ್ಲ. ಅದಕ್ಕೇ ಈ ಲೇಖನ.

ಮೊದಲು ಮಗ್ಗ ಅಂದರೆ ಏನು ಎಂದು ತಿಳಿಯೋಣ. ಉದ್ದಕ್ಕೆ ಬಿಗಿಯಾಗಿ ಕಟ್ಟಿದ ನೂಲಿಗೆ ಹಾಸು ಎನ್ನುತ್ತಾರೆ. ಅಡ್ಡಕ್ಕೆ ಹೋಗುವ ನೂಲು ಹೊಕ್ಕು. ‘ಹಾಸುಹೊಕ್ಕು’ ಎಂಬ ಮಾತನ್ನು ನಾವು ಪಾಠದಲ್ಲಿ ಓದುತ್ತೇವಲ್ಲ, ಅದು ಬಂದದ್ದು ಮಗ್ಗದಿಂದಲೇ. ಹೊಕ್ಕಿನ ನೂಲನ್ನು ಹೊತ್ತುಕೊಂಡು ಓಡಾಡುವ ದೋಣಿಯಂಥ ಮರದ ತುಂಡೇ ಲಾಳಿ.

ಇದನ್ನು ಓದಿ ಅರ್ಥ ಮಾಡಿಕೊಳ್ಳುವುದಕ್ಕಿಂತ ಮಾಡಿ ನೋಡುವುದು ಸುಲಭ. ಹಳೆಯ ನೋಟ್‌ಬುಕ್ಕಿನ ರಟ್ಟು ತೆಗೆದುಕೊಳ್ಳಿ. ಮೇಲಿನ ಅಂಚಿಗೂ ಕೆಳಗಿನ ಅಂಚಿಗೂ ಅರ್ಧ ಸೆಂಟಿಮೀಟರಿಗೆ ಒಂದರಂತೆ ಕತ್ತರಿಯಿಂದ ಸಣ್ಣ ಕಚ್ಚು ಮಾಡಿ, ಆ ಕಚ್ಚುಗಳಲ್ಲಿ ದಾರವನ್ನು ಮೇಲಿನಿಂದ ಕೆಳಕ್ಕೆ ಎಳೆದು ಕಟ್ಟಿ. ಇದು ನಿಮ್ಮ ಹಾಸು. ಈಗ ಗೋಣಿ ಹೊಲಿಯುವ ದಬ್ಬಣಕ್ಕೆ ಬೇರೆ ಬಣ್ಣದ ದಾರ ಹಾಕಿ, ಒಂದು ಎಳೆಯ ಮೇಲೆ, ಒಂದು ಎಳೆಯ ಕೆಳಗೆ ತೂರಿಸುತ್ತಾ ಹೋಗಿ. ವಾಪಸು ಬರುವಾಗ ಮೊದಲು ಮೇಲೆ ಹೋದ ಕಡೆ ಕೆಳಗೆ, ಕೆಳಗೆ ಹೋದ ಕಡೆ ಮೇಲೆ. ಹತ್ತು ಸಾಲು ಮಾಡುವಷ್ಟರಲ್ಲಿ ಬೇಜಾರು ಬರುತ್ತದೆ. ಬರಲೇಬೇಕು, ಆಗಲೇ ಮಗ್ಗದ ಬೆಲೆ ಗೊತ್ತಾಗುವುದು.

ಈಗ ಒಂದು ಉಪಾಯ. ಸ್ಕೇಲನ್ನು ಒಂದು ಎಳೆ ಬಿಟ್ಟು ಒಂದು ಎಳೆಯ ಕೆಳಗೆ ತೂರಿಸಿ, ಅಂಚಿನ ಮೇಲೆ ನಿಲ್ಲಿಸಿ. ಅರ್ಧ ಎಳೆಗಳು ಒಂದೇ ಸಲಕ್ಕೆ ಮೇಲೆದ್ದವು! ನಡುವೆ ಗುಹೆಯ ಹಾಗೆ ಸಂದು ಆಯಿತು. ದಬ್ಬಣ ಅದರೊಳಗೆ ಸರ್ರನೆ ಹೋಗುತ್ತದೆ. ಆದರೆ ವಾಪಸು ಬರುವಾಗ ಉಳಿದ ಅರ್ಧ ಎಳೆಗಳು ಏಳಬೇಕು. ಅದಕ್ಕೆ ಆ ಎಳೆ ಒಂದೊಂದಕ್ಕೂ ದಾರದ ಕುಣಿಕೆ ಹಾಕಿ, ಎಲ್ಲ ಕುಣಿಕೆಗಳನ್ನೂ ಒಂದು ಕಡ್ಡಿಗೆ ಕಟ್ಟಿ. ಸ್ಕೇಲನ್ನು ಮಲಗಿಸಿ ಕಡ್ಡಿಯನ್ನು ಎತ್ತಿದರೆ ಎರಡನೆಯ ಸಂದು ಬಂತು. ನಿಜವಾದ ಮಗ್ಗದಲ್ಲಿ ಎರಡು ಕಡೆಗೂ ಇಂಥ ಕುಣಿಕೆಗಳ ಚೌಕಟ್ಟೇ ಇರುತ್ತದೆ. ನೇಕಾರರು ಕಾಲಿನಿಂದ ಹಲಗೆ ತುಳಿದು ಅವನ್ನು ಮೇಲೆ ಕೆಳಗೆ ಆಡಿಸುತ್ತಾರೆ. ಇಳಕಲ್, ಗುಳೇದಗುಡ್ಡದ ಕಡೆ ಕುಣಿಮಗ್ಗದಲ್ಲಿ ಕಾಲು ಇಳಿಬಿಡಲು ಕುಣಿ ತೋಡಿರುವುದು ಇದಕ್ಕೇ.

ಹೊಕ್ಕು ಹೋದ ಮೇಲೆ ಅದು ಸಡಿಲವಾಗಿರುತ್ತದೆ. ಅದನ್ನು ಹಿಂದಿನ ಸಾಲಿಗೆ ಒತ್ತಬೇಕು. ರಟ್ಟಿನ ಮಗ್ಗದಲ್ಲಿ ಬಾಚಣಿಗೆಯಿಂದ ಒತ್ತಬಹುದು. ದೊಡ್ಡ ಮಗ್ಗದಲ್ಲೂ ಒತ್ತುವುದು ಬಾಚಣಿಗೆಯಂಥದೇ ಒಂದು ಭಾಗ. ಅದರ ಹಲ್ಲುಗಳ ನಡುವೆ ಹಾಸಿನ ಎಳೆಗಳು ಹಾದುಹೋಗಿರುತ್ತವೆ. ಅದಕ್ಕೆ ಹಣಿಗೆ ಎನ್ನುತ್ತಾರೆ.

ಹಾಗಾದರೆ ನೇಯ್ಗೆ ಅಂದರೆ ಮೂರೇ ಕೆಲಸ ಆಯಿತು. ಸಂದು ಬಿಡಿಸು, ಲಾಳಿ ಎಸೆ, ಹಣಿಗೆಯಿಂದ ಬಡಿ. ಮತ್ತೆ ಸಂದು ಬಿಡಿಸು, ಎಸೆ, ಬಡಿ. ವಿಜ್ಞಾನದ ಪೆಟ್ಟಿಗೆಯಲ್ಲಿರುವ ಮಸೂರ ಹಿಡಿದು ನಿಮ್ಮ ಅಂಗಿಯಲ್ಲಿ ಒಂದು ಸೆಂಟಿಮೀಟರಿಗೆ ಎಷ್ಟು ಎಳೆ ಇದೆ ಎಣಿಸಿ. 20 ಎಂದು ಇಟ್ಟುಕೊಳ್ಳೋಣ. ಒಂದು ಮೀಟರ್ ಬಟ್ಟೆಗೆ 100 × 20 = 2000 ಸಲ ಲಾಳಿ ಎಸೆಯಬೇಕು, 2000 ಸಲ ಬಡಿಯಬೇಕು. ಒಂದು ಸೀರೆಗೆ ಎಷ್ಟಾಗುತ್ತದೆ ನೀವೇ ಲೆಕ್ಕ ಹಾಕಿ.

ಇನ್ನು ಇಂಗ್ಲೆಂಡಿಗೆ ಹೋಗೋಣ. ಅಲ್ಲಿ ಲ್ಯಾಂಕಶೈರ್ ಎಂಬ ಪ್ರಾಂತ್ಯದಲ್ಲಿ ಬರಿ ಎಂಬ ಊರು. ಆ ಕಡೆಯ ಜಾನ್ ಕೇ ಎಂಬುವವರು 1733ರಲ್ಲಿ ಹಾರುವ ಲಾಳಿಗೆ ಪೇಟೆಂಟ್ ಪಡೆದರು. ಅದಕ್ಕೆ ಮೊದಲು ನೇಕಾರ ಲಾಳಿಯನ್ನು ಒಂದು ಕೈಯಿಂದ ತೂರಿ ಇನ್ನೊಂದು ಕೈಯಿಂದ ಹಿಡಿಯುತ್ತಿದ್ದ. ಅವನ ಎರಡು ಕೈ ಎಷ್ಟು ಅಗಲಕ್ಕೆ ಸಿಗುತ್ತವೋ ಅಷ್ಟೇ ಅಗಲದ ಬಟ್ಟೆ. ಇನ್ನೂ ಅಗಲ ಬೇಕಾದರೆ ಮಗ್ಗದ ಆ ಕಡೆ ಒಬ್ಬ, ಈ ಕಡೆ ಒಬ್ಬ ಕೂರಬೇಕಾಗಿತ್ತು.

ಕೇ ಮಾಡಿದ್ದು ಹೀಗೆ. ಹಣಿಗೆಯ ಬುಡದಲ್ಲಿ ಅಡ್ಡಲಾಗಿ ಒಂದು ಉದ್ದ ಹಲಗೆ ಸೇರಿಸಿದರು. ಇದು ಲಾಳಿಯ ರಸ್ತೆ ಎನ್ನಿ. ರಸ್ತೆಯ ಎರಡು ತುದಿಗೂ ಒಂದೊಂದು ಪೆಟ್ಟಿಗೆ. ಪ್ರತಿ ಪೆಟ್ಟಿಗೆಯಲ್ಲೂ ಕಂಬಿಯ ಮೇಲೆ ಜಾರುವ ಒಂದು ತುಂಡು. ಎರಡೂ ತುಂಡುಗಳಿಗೆ ಹಗ್ಗ ಕಟ್ಟಿ, ಆ ಹಗ್ಗಗಳನ್ನು ಮಗ್ಗದ ಮಧ್ಯಕ್ಕೆ ತಂದು ಒಂದು ಹಿಡಿಗೆ ಸೇರಿಸಿದರು. ಹಿಡಿಯನ್ನು ಪಟ್ಟನೆ ಎಳೆದರೆ ಒಂದು ಕಡೆಯ ತುಂಡು ಜಾರಿ ಬಂದು ಲಾಳಿಯ ಬೆನ್ನಿಗೆ ಹೊಡೆಯುತ್ತದೆ. ಕೇರಂ ಆಟದಲ್ಲಿ ಸ್ಟ್ರೈಕರ್ ಬಿದ್ದಾಗ ಪಾನು ಓಡುತ್ತದಲ್ಲ, ಹಾಗೆ ಲಾಳಿ ರಸ್ತೆಯ ಮೇಲೆ ಓಡಿ ಆ ಕಡೆಯ ಪೆಟ್ಟಿಗೆ ಸೇರುತ್ತದೆ. ಮತ್ತೆ ಇನ್ನೊಂದು ಕಡೆಗೆ ಎಳೆದರೆ ವಾಪಸು. ಸಲೀಸಾಗಿ ಓಡಲಿ ಅಂತ ಲಾಳಿಯ ಕೆಳಗೆ ಪುಟ್ಟ ಗಾಲಿಗಳನ್ನೂ ಇಟ್ಟಿದ್ದರು. ಹೆಸರು ಹಾರುವ ಲಾಳಿ ಅಂತ ಇದ್ದರೂ ಅದು ಹಾರುವುದಿಲ್ಲ, ಉರುಳಿಕೊಂಡು ಓಡುತ್ತದೆ!

ಈಗ ಒಂದು ಕೈ ಹಗ್ಗ ಎಳೆಯಲು, ಇನ್ನೊಂದು ಕೈ ಹಣಿಗೆ ಬಡಿಯಲು. ಅಗಲ ಬಟ್ಟೆಗೂ ಒಬ್ಬನೇ ಸಾಕಾಯಿತು. ಇನ್ನೊಬ್ಬನ ಕೆಲಸ ಹೋಯಿತು ಅಂತಲೂ ಅದನ್ನೇ ಹೇಳಬಹುದು. ನೇಕಾರರಿಗೆ ಭಯ ಆದದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಕೇ ಅವರಿಗೆ ಹೆಚ್ಚು ನಷ್ಟ ಮಾಡಿದವರು ಭಯಪಟ್ಟವರಲ್ಲ, ಉಪಯೋಗಿಸಿದವರು. ಬಟ್ಟೆ ಮಾಡಿಸುವವರು ಲಾಳಿಯನ್ನು ಬಳಸಿದರು, ಪೇಟೆಂಟಿನ ಹಣ ಮಾತ್ರ ಕೊಡಲಿಲ್ಲ. ಕೇ ಕೋರ್ಟಿಗೆ ಹೋದಾಗ ಅವರೆಲ್ಲ ಸಂಘ ಮಾಡಿಕೊಂಡು ಕೇಸಿನ ಖರ್ಚನ್ನು ಹಂಚಿಕೊಂಡರು. ಕೋರ್ಟಿಗೆ ಅಲೆದು ಅಲೆದು ಕೇ ಅವರ ದುಡ್ಡೆಲ್ಲ ಖಾಲಿಯಾಯಿತು. 1747ರಲ್ಲಿ ಅವರು ಫ್ರಾನ್ಸಿಗೆ ಹೋದರು, ತೀರಿಕೊಂಡದ್ದೂ ಆ ದೇಶದಲ್ಲೇ. ನಮ್ಮ ಪುಸ್ತಕದಲ್ಲಿ ಅವರ ಬಗ್ಗೆ ಇರುವುದು ಒಂದೇ ಸಾಲು. ನನಗೆ ಅದು ಕಡಿಮೆ ಅನ್ನಿಸುತ್ತದೆ.

ಲಾಳಿ ಬೇಗ ಓಡಿದ್ದರಿಂದ ಇನ್ನೊಂದು ತೊಂದರೆ ಬಂತು. ನೂಲು ಸಾಲದಾಯಿತು. ಒಬ್ಬ ನೇಕಾರನಿಗೆ ನೂಲು ಒದಗಿಸಲು ರಾಟೆ ತಿರುಗಿಸುವವರು ಹಲವರು ಬೇಕಾಗುತ್ತಿತ್ತು. ಆಗ ಹಾರ್‌ಗ್ರೀವ್ಸ್ ಅವರ ಜೆನ್ನಿ (ಸುಮಾರು 1764), ಆರ್ಕ್‌ರೈಟ್ ಅವರ ನೀರಿನ ಶಕ್ತಿಯ ಯಂತ್ರ (1769), ಕ್ರಾಂಪ್ಟನ್ ಅವರ ಮ್ಯೂಲ್ (1779) ಬಂದವು. ಇವು ಮೂರೂ ನೂಲುವ ಯಂತ್ರಗಳು, ನೇಯುವ ಯಂತ್ರಗಳಲ್ಲ. ಪರೀಕ್ಷೆಯಲ್ಲಿ ಇದನ್ನು ನೆನಪಿಡಿ. ಇವುಗಳಿಂದ ನೂಲು ಎಷ್ಟು ಬಂತೆಂದರೆ, ಈಗ ನೇಯುವವರು ಸಾಲದಾದರು!

1784ರಲ್ಲಿ ಮ್ಯಾಟ್ಲಾಕ್ ಎಂಬಲ್ಲಿ ಕೆಲವರು ಇದೇ ವಿಷಯ ಮಾತಾಡುತ್ತಿದ್ದರು. ಅಲ್ಲಿ ಎಡ್ಮಂಡ್ ಕಾರ್ಟ್‌ರೈಟ್ ಇದ್ದರು. ಅವರು ಎಂಜಿನಿಯರ್ ಅಲ್ಲ, ಚರ್ಚಿನ ಪಾದ್ರಿ. ಹಾಗಾದರೆ ನೇಯುವ ಯಂತ್ರವನ್ನೇ ಮಾಡಿಬಿಡಿ ಎಂದರು ಅವರು. ಮ್ಯಾಂಚೆಸ್ಟರಿನ ಜನ ಅದು ಆಗದ ಮಾತು ಎಂದರು. ಅದಕ್ಕೆ ಕಾರ್ಟ್‌ರೈಟ್, ಲಂಡನ್ನಿನಲ್ಲಿ ಚದುರಂಗ ಆಡುವ ಯಂತ್ರ ತೋರಿಸುತ್ತಿದ್ದಾರಲ್ಲ, ಚದುರಂಗಕ್ಕಿಂತ ನೇಯುವುದು ಕಷ್ಟವೇ ಎಂದು ವಾದ ಮಾಡಿದರು. ತಮಾಷೆ ಏನೆಂದರೆ ಆ ಚದುರಂಗದ ಯಂತ್ರ ಮೋಸದ್ದು. ಅದರ ಪೆಟ್ಟಿಗೆಯೊಳಗೆ ಆಟ ಬಲ್ಲ ಒಬ್ಬ ಮನುಷ್ಯ ಅಡಗಿ ಕೂತಿರುತ್ತಿದ್ದ! ಸುಳ್ಳು ಯಂತ್ರ ನೋಡಿ ನಿಜವಾದ ಯಂತ್ರ ಮಾಡಲು ಹೊರಟರು ಅನ್ನಬೇಕು.

ಕಾರ್ಟ್‌ರೈಟ್ ಅದುವರೆಗೆ ಯಾರೂ ನೇಯುವುದನ್ನು ನೋಡಿರಲೇ ಇಲ್ಲ. ಆದರೂ ನೇಯ್ಗೆಯಲ್ಲಿ ಒಂದಾದ ಮೇಲೊಂದು ಬರುವುದು ಮೂರೇ ಚಲನೆ ಎಂದು ಯೋಚಿಸಿ ಸರಿಯಾಗಿ ಹಿಡಿದರು. 1785ರಲ್ಲಿ ಪೇಟೆಂಟನ್ನೂ ಪಡೆದರು. ಆ ಮೊದಲ ಯಂತ್ರ ಹೇಗಿತ್ತು ಗೊತ್ತಾ? ಹಾಸು ನೆಟ್ಟಗೆ ಮೇಲಿನಿಂದ ಕೆಳಕ್ಕೆ ನಿಂತಿತ್ತು. ಹಣಿಗೆ ಸುಮಾರು 25 ಕಿಲೋ ತೂಕದಿಂದ ಧಡ್ ಎಂದು ಬೀಳುತ್ತಿತ್ತು. ಲಾಳಿ ಎಸೆಯುವ ಸ್ಪ್ರಿಂಗುಗಳು ರಾಕೆಟ್ ಹಾರಿಸುವಷ್ಟು ಗಟ್ಟಿಯಾಗಿದ್ದವು ಎಂದು ಅವರೇ ಮುಂದೆ ಬರೆದಿದ್ದಾರೆ. ಇಬ್ಬರು ಗಟ್ಟಿ ಆಳುಗಳು ನಿಧಾನವಾಗಿ, ಅದೂ ಸ್ವಲ್ಪ ಹೊತ್ತು ಮಾತ್ರ ನಡೆಸಬಹುದಾಗಿತ್ತು. ಪೇಟೆಂಟ್ ಪಡೆದ ನಂತರ ಅವರು ಬೇರೆಯವರು ನೇಯುವುದನ್ನು ಹೋಗಿ ನೋಡಿದರು. ಅಷ್ಟು ಹಗುರವಾಗಿ ಆ ಕೆಲಸ ನಡೆಯುವುದನ್ನು ಕಂಡು ಬೆರಗಾದರು. ಆಮೇಲೆ ಮಾಡಿದ ಮಗ್ಗಗಳು ಮೊದಲಿನದಕ್ಕಿಂತ ಬಹಳ ಸುಧಾರಿಸಿದವು.

ಈ ಯಂತ್ರಮಗ್ಗ ಹೇಗೆ ನಡೆಯುತ್ತದೆ? ಮುಂದೆ 1822ರಲ್ಲಿ ರಿಚರ್ಡ್ ರಾಬರ್ಟ್ಸ್ ಅವರು ಮಾಡಿದ ಎರಕದ ಕಬ್ಬಿಣದ ಮಗ್ಗ ಮತ್ತು ಅದರ ನಂತರದವುಗಳನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಉಗಿಯಂತ್ರದಿಂದ ಬಂದ ಬೆಲ್ಟು ಮಗ್ಗದ ಮೇಲಿನ ದಂಡವನ್ನು ತಿರುಗಿಸುತ್ತದೆ. ಆ ದಂಡ ಎರಡು ಕಡೆ ಮೊಣಕೈ ಹಾಗೆ ಬಾಗಿದೆ. ಹೊಲಿಗೆ ಮಿಷಿನ್ನಿನಲ್ಲಿ ಕಾಲಿನ ಹಲಗೆ ಮೇಲೆ ಕೆಳಗೆ ಆಡಿದರೆ ಚಕ್ರ ತಿರುಗುತ್ತದೆ, ಅಲ್ವಾ? ಇಲ್ಲಿ ತಿರುಗಾಮುರುಗ. ದಂಡ ತಿರುಗಿದರೆ ಹಣಿಗೆ ಹಿಂದೆ ಮುಂದೆ ಆಡುತ್ತದೆ. ದಂಡದ ಒಂದು ಸುತ್ತಿಗೆ ಒಂದು ಬಡಿತ.

ಇದರ ಕೆಳಗೆ ಇನ್ನೊಂದು ದಂಡ ಇದೆ. ಎರಡಕ್ಕೂ ಹಲ್ಲಿನ ಗಾಲಿಯ ಸಂಬಂಧ. ಕೆಳಗಿನ ಗಾಲಿಗೆ ಮೇಲಿನದರ ಎರಡರಷ್ಟು ಹಲ್ಲು. ಆದ್ದರಿಂದ ಮೇಲಿನದು ಎರಡು ಸುತ್ತು ತಿರುಗಿದಾಗ ಕೆಳಗಿನದು ಒಂದೇ ಸುತ್ತು. ಯಾಕೆ ಹೀಗೆ? ಕೆಳಗಿನ ದಂಡದ ಮೇಲೆ ಒಂದು ಕಡೆ ಉಬ್ಬಿರುವ, ಪೂರ್ತಿ ಗುಂಡಗಿಲ್ಲದ ಕಬ್ಬಿಣದ ಗಾಲಿಗಳಿವೆ. ಉಬ್ಬು ಬಂದಾಗ ಅದು ತುಳಿಯುವ ಹಲಗೆಯನ್ನು ಒತ್ತುತ್ತದೆ. ಅಂದರೆ ಅದೇ ನೇಕಾರನ ಕಾಲು. ಒಂದರ ಉಬ್ಬು ಮೇಲಿದ್ದರೆ ಇನ್ನೊಂದರದು ಕೆಳಗೆ. ಹೀಗಾಗಿ ಒಂದು ಬಡಿತಕ್ಕೆ ಎಡಗಾಲು, ಮುಂದಿನ ಬಡಿತಕ್ಕೆ ಬಲಗಾಲು. ಲಾಳಿಗೆ ಹೊಡೆಯುವ ಕೋಲುಗಳೂ ಇದೇ ದಂಡದಿಂದ ನಡೆಯುತ್ತವೆ, ಒಮ್ಮೆ ಎಡದಿಂದ, ಒಮ್ಮೆ ಬಲದಿಂದ. ಎರಡು ದಂಡವೂ ಒಂದೇ ವೇಗದಲ್ಲಿ ತಿರುಗಿದರೆ ಪ್ರತಿಸಲ ಅದೇ ಕಾಲು ತುಳಿಯುತ್ತದೆ, ಸಂದು ಬದಲಾಗುವುದಿಲ್ಲ, ಲಾಳಿ ಇಲ್ಲದ ಖಾಲಿ ಪೆಟ್ಟಿಗೆಗೆ ಕೋಲು ಹೊಡೆಯುತ್ತದೆ. ಬಟ್ಟೆ ಆಗುವುದೇ ಇಲ್ಲ. ನನಗೆ ಈ ಇಡೀ ಮಗ್ಗದಲ್ಲಿ ಹೆಚ್ಚು ಇಷ್ಟವಾದದ್ದು ಈ ಅರ್ಧ ವೇಗದ ಲೆಕ್ಕ.

ಕೈ ಕಾಲು ಬಂದವು, ಕಣ್ಣು ಬರಲಿಲ್ಲ. ಮನುಷ್ಯ ನೇಯುವಾಗ ಎಳೆ ಕಿತ್ತರೆ ನಿಲ್ಲಿಸುತ್ತಾನೆ. ಯಂತ್ರಕ್ಕೆ ಅದು ಗೊತ್ತಾಗುವುದಿಲ್ಲ. ಲಾಳಿ ಅರ್ಧ ದಾರಿಯಲ್ಲಿ ಸಿಕ್ಕಿಕೊಂಡಾಗ ಹಣಿಗೆ ಬಂದು ಬಡಿದರೆ ಒಂದೇ ಏಟಿಗೆ ಎಷ್ಟೋ ಎಳೆಗಳು ಪಟಪಟ ಕಿತ್ತುಹೋಗುತ್ತವೆ. ಹಾಸಿನ ನೂಲು ಗಟ್ಟಿಯಾಗಲು ಗಂಜಿ ಹಚ್ಚಬೇಕು. ಮೊದಲ ಯಂತ್ರಮಗ್ಗಗಳಲ್ಲಿ ಗಂಜಿ ಹಚ್ಚಲು ಆಗಾಗ ಮಗ್ಗವನ್ನು ನಿಲ್ಲಿಸಬೇಕಾಗುತ್ತಿತ್ತು. ಅಂದ ಮೇಲೆ ಯಂತ್ರ ಇಟ್ಟು ಏನು ಲಾಭ? 1803-04ರ ಸುಮಾರಿಗೆ ವಿಲಿಯಂ ರ‍್ಯಾಡ್‌ಕ್ಲಿಫ್ ಎಂಬುವವರ ಕಡೆಯಿಂದ ಹಾಸಿಗೆಲ್ಲ ಮೊದಲೇ ಗಂಜಿ ಹಚ್ಚಿ ಒಣಗಿಸುವ ಯಂತ್ರ ಬಂತು. ಗಂಜಿ ಸಣ್ಣ ವಿಷಯ ಅನ್ನಿಸುತ್ತದೆ, ಆದರೆ ಅದು ಸರಿಹೋಗದೆ ಯಂತ್ರಮಗ್ಗ ಓಡುವಂತಿರಲಿಲ್ಲ.

ಆಮೇಲೆ ಲೆಕ್ಕ ನೋಡಿ. ಬ್ರಿಟನ್ನಿನಲ್ಲಿ 1813ರಲ್ಲಿ ಇದ್ದ ಯಂತ್ರಮಗ್ಗಗಳು ಸುಮಾರು 2,400. 1820ರಲ್ಲಿ ಸುಮಾರು 14,000. 1833ರ ಹೊತ್ತಿಗೆ ಸುಮಾರು 1,00,000. ಕೈಮಗ್ಗದವರು ಲಕ್ಷಗಟ್ಟಲೆ ಇದ್ದರು. ಅವರ ಕೂಲಿ ವರ್ಷದಿಂದ ವರ್ಷಕ್ಕೆ ಇಳಿಯಿತು. ಅದೇ ಬಟ್ಟೆ, ಅದೇ ಶ್ರಮ, ದುಡ್ಡು ಮಾತ್ರ ಕಡಿಮೆ. ಕೂಲಿ ಇಳಿದಾಗ ಹೊಟ್ಟೆ ತುಂಬಲು ಇನ್ನೂ ಹೆಚ್ಚು ಹೊತ್ತು ನೇಯುತ್ತಿದ್ದರು. 1826ರ ಏಪ್ರಿಲ್ ತಿಂಗಳಲ್ಲಿ ಲ್ಯಾಂಕಶೈರಿನ ಹಸಿದ ನೇಕಾರರು ಗುಂಪುಗುಂಪಾಗಿ ಕಾರ್ಖಾನೆಗಳಿಗೆ ನುಗ್ಗಿ, ಮೂರು ದಿನಗಳಲ್ಲಿ ಸುಮಾರು ಸಾವಿರ ಯಂತ್ರಮಗ್ಗಗಳನ್ನು ಒಡೆದು ಹಾಕಿದರು. ಅವರನ್ನು ತಡೆಯಲು ಸೈನಿಕರು ಬಂದರು, ಗುಂಡು ಹಾರಿಸಿದರು, ಜನ ಸತ್ತರು. ಸಿಕ್ಕಿಬಿದ್ದ ಕೆಲವರನ್ನು ದೂರದ ಆಸ್ಟ್ರೇಲಿಯಾಕ್ಕೆ ಸಾಗಿಸಿದರು. ಯಂತ್ರ ಒಡೆದವರು ದಡ್ಡರು ಅಂತ ಕೆಲವರು ಹೇಳುತ್ತಾರೆ. ಯಂತ್ರ ಹೇಗೆ ನಡೆಯುತ್ತದೆ ಅಂತ ಅವರಷ್ಟು ಚೆನ್ನಾಗಿ ಯಾರಿಗೆ ಗೊತ್ತಿತ್ತು? ಅದರ ಮೂರೂ ಕೆಲಸ ಅವರ ಕೈ ಕಾಲಿನದೇ ಆಗಿತ್ತು.

ಕಾರ್ಟ್‌ರೈಟ್ ಅವರಿಗೂ ಮಗ್ಗದಿಂದ ಲಾಭ ಆಗಲಿಲ್ಲ. ಅವರ ಮಗ್ಗಗಳನ್ನು ಹಾಕುತ್ತಿದ್ದ ಮ್ಯಾಂಚೆಸ್ಟರಿನ ಒಂದು ಕಾರ್ಖಾನೆ ಬೆಂಕಿಗೆ ಸುಟ್ಟುಹೋಯಿತು. 1809ರಲ್ಲಿ ಅಲ್ಲಿನ ಪಾರ್ಲಿಮೆಂಟು ಅವರಿಗೆ 10,000 ಪೌಂಡು ಕೊಟ್ಟಿತು. ಕೇ ಅವರಿಗೆ ಅಷ್ಟೂ ಸಿಗಲಿಲ್ಲ.

ಕಣ್ಣಿನ ವಿಷಯ ಬಾಕಿ ಇದೆ. 1841ರಲ್ಲಿ ಬ್ಲ್ಯಾಕ್‌ಬರ್ನ್ ಊರಿನ ಕೆನ್ವರ್ದಿ ಮತ್ತು ಬುಲ್ಲೊ ಎಂಬುವವರ ಮಗ್ಗದಲ್ಲಿ ಹೊಕ್ಕು ಕಡಿದರೆ ಮಗ್ಗವೇ ನಿಲ್ಲುವ ಏರ್ಪಾಡು ಇತ್ತು. ಇಂಥ ಏರ್ಪಾಡಿನಲ್ಲಿ ಹಣಿಗೆಯ ಪಕ್ಕ ಊಟದ ಫೋರ್ಕಿನಂಥ ಸಣ್ಣ ಮುಳ್ಳು ಇರುತ್ತದೆ. ಹೊಕ್ಕಿನ ಎಳೆ ಇದ್ದರೆ ಅದು ಮುಳ್ಳನ್ನು ತಳ್ಳುತ್ತದೆ, ಮುಳ್ಳಿನ ಬಾಲ ಮೇಲೇಳುತ್ತದೆ, ಮಗ್ಗ ಓಡುತ್ತಲೇ ಇರುತ್ತದೆ. ಎಳೆ ಕಡಿದಿದ್ದರೆ ತಳ್ಳುವವರಿಲ್ಲ. ಬಾಲ ಕೆಳಗೇ ಉಳಿದು ಒಂದು ಕೊಕ್ಕೆಗೆ ಸಿಕ್ಕಿ, ಬೆಲ್ಟನ್ನು ಸರಿಸಿ ಮಗ್ಗ ನಿಲ್ಲಿಸುತ್ತದೆ. ಎಳೆ ಇಲ್ಲದ್ದನ್ನು ಯಂತ್ರ ನೋಡುವುದಿಲ್ಲ, ಮುಟ್ಟಿ ತಿಳಿಯುತ್ತದೆ.

ಪ್ರಶ್ನೆ: ಮೇಲಿನ ದಂಡದ ಗಾಲಿಗೆ 32 ಹಲ್ಲು. ಮಗ್ಗ ಒಂದು ನಿಮಿಷಕ್ಕೆ 120 ಸಲ ಬಡಿಯುತ್ತದೆ. ಕೆಳಗಿನ ಗಾಲಿಗೆ ಎಷ್ಟು ಹಲ್ಲು? ಅದು ನಿಮಿಷಕ್ಕೆ ಎಷ್ಟು ಸುತ್ತು? ಎಡಗಡೆಯ ಕೋಲು ನಿಮಿಷಕ್ಕೆ ಎಷ್ಟು ಸಲ ಲಾಳಿಗೆ ಹೊಡೆಯುತ್ತದೆ? ಉತ್ತರವನ್ನು ಚೀಟಿಯಲ್ಲಿ ಬರೆದು ಪತ್ರಿಕೆಯ ಪೆಟ್ಟಿಗೆಗೆ ಹಾಕಿ. ರಟ್ಟಿನ ಮಗ್ಗ ಮಾಡಿದವರು ಅದನ್ನೂ ತನ್ನಿ, ಗೋಡೆಗೆ ತೂಗುಹಾಕೋಣ.

— 7ನೇ ತರಗತಿ