ಸ್ಯಾಂಪಲ್ ಅಂದರೆ ಒಂದು ಹಿಡಿ

ಬಂಗಾರಪೇಟೆ

ಚಿ. ಪುಟ್ಟಿಗೆ, ಸೋದರಮಾವನಿಂದ.

ಮೊನ್ನೆ ಗುರುವಾರ ವೈಟ್‌ಫೀಲ್ಡ್‌ನಿಂದ ರೈಲಿನಲ್ಲಿ ಬರುವಾಗ ನೀನು ಕೆಜಿಎಫ್‌ನ ಮಾರಿಕುಪ್ಪಂವರೆಗೆ ಹೋಗದೆ ನಮ್ಮೂರಲ್ಲೇ ಇಳಿದುಬಿಟ್ಟೆ. ಎರಡು ಪ್ಲೇಟ್ ಪಾನಿಪೂರಿ ತಿಂದೆ. ನೋಡೋಕೆ ಬರೀ ತಿಳಿನೀರಿನ ಹಾಗಿರುವ ನಮ್ಮೂರ ಪಾನಿಯ ಖಾರ ಗೊತ್ತಲ್ಲ, ಕಣ್ಣಲ್ಲಿ ನೀರು ಬಂತು ಅಂದೆ. ಖಾರಕ್ಕೇ ಇರಬಹುದು, ನಾನು ಕೆದಕಲಿಲ್ಲ.

ಆಮೇಲೆ ನೀನೇ ಸಾಫ್ಟ್‌ವೇರ್ ಕಂಪನಿಯ ಇಂಟರ್‌ವ್ಯೂ ಕಥೆ ಹೇಳಿದೆ. ಮೊದಲು ಆನ್‌ಲೈನ್ ಟೆಸ್ಟ್, ಪಕ್ಕಕ್ಕೆ ತಲೆ ತಿರುಗಿಸಿದರೂ ಕ್ಯಾಮೆರಾ ಎಚ್ಚರಿಸುತ್ತಿತ್ತು. ಎರಡು ಟೆಕ್ನಿಕಲ್ ರೌಂಡ್. ಅದು ಮುಗಿದ ಮೇಲೆ ಮನೆಗೆ ಕೊಟ್ಟ ಅಸೈನ್‌ಮೆಂಟ್: ಡೆಲಿವರಿ ಹುಡುಗರ ಲೆಕ್ಕ ಇಡುವ ಪೂರಾ ಆ್ಯಪ್, ಲಾಗಿನ್ ಸಮೇತ, ನಾಲ್ಕು ರಾತ್ರಿ ನಿದ್ದೆಗೆಟ್ಟು. ಮುಂದಿನ ರೌಂಡಿನಲ್ಲಿ ಕೂತ ಮ್ಯಾನೇಜರ್ ಅದನ್ನು ತೆರೆದೂ ನೋಡಿರಲಿಲ್ಲ. ಎಚ್‌ಆರ್ ಹುಡುಗಿ 'ಓ ಕೆಜಿಎಫ್! ರಾಕಿ ಭಾಯ್ ಊರು' ಅಂತ ನಕ್ಕಳಂತೆ. (2018ರಲ್ಲಿ ಆ ಹೆಸರಿನ ಸಿನಿಮಾ ಬಂದಾಗಿನಿಂದ ಇದು ನಮ್ಮ ಹಣೆಬರಹ.) ಆಮೇಲೆ ಮೂರು ವಾರ ಸದ್ದಿಲ್ಲ. ಕೊನೆಗೆ ಒಂದೇ ಸಾಲಿನ ಮೇಲ್, 'ಪೊಸಿಷನ್ ಹೋಲ್ಡ್‌ನಲ್ಲಿದೆ'.

ಇಷ್ಟೇ ಆಗಿದ್ದರೆ ಬೈದು ಸುಮ್ಮನಾಗುತ್ತಿದ್ದೆ. 'ನಂಗೇ ಏನೂ ಬರಲ್ಲ ಅನ್ಸುತ್ತೆ ಮಾವ' ಅಂದೆಯಲ್ಲ, ಆ ಮಾತಿಗಾಗಿ ಈ ಪತ್ರ. ಅದೇ ಗಾಡಿಯಲ್ಲಿ ಬ್ಯಾಗ್ ತಬ್ಬಿಕೊಂಡು ತೂಕಡಿಸುವ ಉಳಿದವರೂ ಓದಲಿ ಅಂತ ಪತ್ರಿಕೆಗೇ ಕಳಿಸುತ್ತಿದ್ದೇನೆ.

ನಾನು ಕೆಜಿಎಫ್ ಚಿನ್ನದ ಗಣಿಯ ಅಸ್ಸೇ ಆಫೀಸಿನಲ್ಲಿ, ಅಂದರೆ ಕಲ್ಲಿನಲ್ಲಿ ಚಿನ್ನ ಎಷ್ಟಿದೆ ಅಂತ ಪರೀಕ್ಷಿಸುವ ಕಡೆ ಇದ್ದವನು. ಕೆಳಗೆ ಸ್ಯಾಂಪಲ್ ತೆಗೆಯುವವರು ಬೆಣಚುಕಲ್ಲಿನ ಪಟ್ಟೆಗೆ ಅಡ್ಡಲಾಗಿ ಉಳಿ ಸುತ್ತಿಗೆಯಲ್ಲಿ ಕೆತ್ತಿ, ಚೂರುಗಳನ್ನು ಚೀಲಕ್ಕೆ ತುಂಬಿ, ನಂಬರ್ ಚೀಟಿ ಹಾಕಿ ಮೇಲಕ್ಕೆ ಕಳಿಸುತ್ತಿದ್ದರು. ನಾವು ಪುಡಿ ಮಾಡುತ್ತಿದ್ದೆವು. ಪುಡಿಯನ್ನು ಗುಡ್ಡೆ ಹಾಕಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡನ್ನು ತೆಗೆದುಹಾಕಿ, ಉಳಿದದ್ದನ್ನು ಕಲಸಿ ಮತ್ತೆ ನಾಲ್ಕು ಪಾಲು. ಹೀಗೆ ಇಳಿಸಿ ಇಳಿಸಿ ಕೊನೆಗೆ 30 ಗ್ರಾಂನಷ್ಟು ಉಳಿಯುತ್ತಿತ್ತು. ಲಿಥಾರ್ಜ್ ಎಂಬ ಸೀಸದ ಆಕ್ಸೈಡ್ ಪುಡಿ, ಸೋಡಾ, ಬೋರಾಕ್ಸ್ ಬೆರೆಸಿ ಕುಲುಮೆಗಿಟ್ಟರೆ ಚಿನ್ನವೆಲ್ಲ ಸೀಸದ ಗುಂಡಿನೊಳಗೆ ಸೇರಿಕೊಳ್ಳುತ್ತದೆ. ಆ ಗುಂಡನ್ನು ಮೂಳೆಬೂದಿಯ ಪುಟ್ಟ ಬಟ್ಟಲಲ್ಲಿಟ್ಟು ಮತ್ತೆ ಕಾಯಿಸಬೇಕು. ಬಟ್ಟಲು ಸೀಸವನ್ನು ಹೀರಿಕೊಂಡು ತಳದಲ್ಲಿ ಸಾಸಿವೆಗಿಂತ ಸಣ್ಣ ಮಣಿಯೊಂದನ್ನು ಬಿಡುತ್ತದೆ. ಅದರಲ್ಲಿನ ಬೆಳ್ಳಿಯನ್ನು ನೈಟ್ರಿಕ್ ಆಸಿಡ್‌ನಲ್ಲಿ ಕರಗಿಸಿ, ಉಳಿದದ್ದನ್ನು ಉಸಿರು ಬಿಗಿಹಿಡಿದು ತೂಗುತ್ತಿದ್ದೆವು.

ಇಷ್ಟೆಲ್ಲ ಮಾಡಿದರೂ ಒಂದು ಚೀಲದಲ್ಲಿ ಸೊನ್ನೆ. ಅದರ ಮಗ್ಗುಲಲ್ಲೇ ಎರಡಡಿ ಆಚೆ ಕೆತ್ತಿದ ಚೀಲದಲ್ಲಿ ನಂಬಲಾಗದಷ್ಟು! ಚಿನ್ನ ಬಂಡೆಯಲ್ಲಿ ಉಪ್ಪಿಟ್ಟಿನ ರವೆಯ ಹಾಗೆ ಸಮನಾಗಿ ಹರಡಿಕೊಂಡಿರುವುದಿಲ್ಲ. ಒಂದು ಚೀಲದ ಸೊನ್ನೆ ನೋಡಿ ಆ ಜಾಗವನ್ನೇ ಬಿಟ್ಟ ಅಧಿಕಾರಿಯನ್ನು ನಾನು ಕಂಡಿಲ್ಲ. 120 ವರ್ಷದಲ್ಲಿ ಈ ನೆಲದಿಂದ ಸುಮಾರು 800 ಟನ್ ಚಿನ್ನ ತೆಗೆದದ್ದು ಹೀಗೆ ಸಾವಿರಾರು ಚೀಲಗಳ ಲೆಕ್ಕ ಇಟ್ಟುಕೊಂಡು. ನಲವತ್ತೈದು ನಿಮಿಷದ ಆ ನಿನ್ನ ರೌಂಡು ಒಂದೇ ಒಂದು ಚೀಲ, ಅದೂ ಅವಸರದಲ್ಲಿ ಕೆತ್ತಿದ್ದು.

ನೀನೇ ಲ್ಯಾಪ್‌ಟಾಪಿಗೆ ಹಾಕಿಕೊಂಡಿರುವ ಹೋಮ್‌ಬ್ರೂ ಅನ್ನುವ ಸಾಫ್ಟ್‌ವೇರ್ ಇದೆಯಲ್ಲ, ಅದನ್ನು ಶುರುಮಾಡಿದ ಮ್ಯಾಕ್ಸ್ ಹೋವೆಲ್‌ಗೆ ಗೂಗಲ್ ಕೆಲಸ ಕೊಡಲಿಲ್ಲ. ಬೋರ್ಡಿನ ಮೇಲೆ ಬೈನರಿ ಟ್ರೀ ತಿರುವಿಹಾಕಲು ಬರಲಿಲ್ಲ ಅಂತ ಬಿಟ್ಟರು ಎಂದು 2015ರಲ್ಲಿ ಅವನೇ ಬರೆದುಕೊಂಡ. ಅದಕ್ಕೂ ಎರಡು ವರ್ಷ ಮೊದಲು ಅದೇ ಗೂಗಲ್‌ನ ಎಚ್‌ಆರ್ ಮುಖ್ಯಸ್ಥರಾಗಿದ್ದ ಲಾಸ್ಲೊ ಬಾಕ್, ತಲೆ ಕೆರೆದುಕೊಳ್ಳುವಂಥ ಒಗಟು ಪ್ರಶ್ನೆಗಳೆಲ್ಲ ಶುದ್ಧ ಕಾಲಹರಣ ಅಂತ ಒಪ್ಪಿಕೊಂಡಿದ್ದರು. ಬೈನರಿ ಟ್ರೀ ಓದಬೇಡ ಅಂತ ನಾನು ಹೇಳುತ್ತಿಲ್ಲ. ಓದು.

ಇನ್ನು ಆ ನಾಲ್ಕು ರಾತ್ರಿಯ ವಿಷಯ. ಅದು ನನಗೂ ಆಗಿದೆ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ನನಗಾಗ ನಲವತ್ತೆರಡು. ಬೆಳಗಿನ ಗಾಡಿ ಹಿಡಿದು ಬೆಂಗಳೂರಿಗೆ ಹೋಗಿ ನಗರ್ತಪೇಟೆಯ ಚಿನ್ನದ ಅಂಗಡಿಗಳ ಮೆಟ್ಟಿಲು ಹತ್ತಿದೆ. ಒಂದು ಕಡೆ 'ಮೂರು ದಿನ ಟ್ರಯಲ್ ನೋಡೋಣ' ಅಂದರು. ಊಟಕ್ಕೂ ಏಳದೆ ಹಳೇ ಒಡವೆಯ ಚೂರುಪಾರು ಪರೀಕ್ಷೆ ಮಾಡಿಕೊಟ್ಟೆ. ಮೂರನೇ ಸಂಜೆ 'ಹೇಳಿ ಕಳಿಸ್ತೀವಿ' ಅಂದರು. ಹೇಳಿಯೂ ಕಳಿಸಲಿಲ್ಲ, ಗಾಡಿಚಾರ್ಜನ್ನೂ ಕೊಡಲಿಲ್ಲ. ಬಾಕಿ ಬಿದ್ದಿದ್ದ ಅವರ ಕೆಲಸ ಅಷ್ಟರಲ್ಲಿ ಮುಗಿದಿತ್ತು ಅಂತ ಪಕ್ಕದ ಅಂಗಡಿಯವನು ಆಮೇಲೆ ನಗುತ್ತಾ ಹೇಳಿದ. ಅದನ್ನು ಕೇಳಿ ವಾಪಸ್ ಬರುವಾಗ ಟೇಕಲ್ ಸ್ಟೇಷನ್ ಬರುವವರೆಗೂ ನನಗೆ ಸಿಟ್ಟು ಅವರ ಮೇಲಿರಲಿಲ್ಲ, ನನ್ನ ಮೇಲಿತ್ತು. ಇಪ್ಪತ್ತು ವರ್ಷ ಸ್ಯಾಂಪಲ್ ತೂಗಿದವನಿಗೆ ಸ್ಯಾಂಪಲ್ ಅಂದರೆ ಒಂದು ಹಿಡಿ ಅನ್ನುವುದು ಹೊಳೆಯಲಿಲ್ಲವಲ್ಲ! ಗಾಡಿಗಟ್ಟಲೆ ಕೇಳಿದರೆ ಅದು ಅದಿರು. ಅದಿರಿಗೆ ದುಡ್ಡು ಕೊಡಬೇಕು.

ಮುಂದಿನ ಅಂಗಡಿಯಲ್ಲಿ ಟ್ರಯಲ್ ಮಾತೆತ್ತಿದಾಗ 'ಅರ್ಧ ದಿನ, ಒಂದು ಸ್ಯಾಂಪಲ್, ಪಕ್ಕದಲ್ಲಿ ನಿಮ್ಮವರೊಬ್ಬರು ಕೂತು ನೋಡಲಿ' ಅಂದೆ. ಮಾಲೀಕರು ಒಂದು ಗಳಿಗೆ ನನ್ನನ್ನೇ ನೋಡಿ, ತಾವೇ ಸ್ಟೂಲ್ ಎಳೆದುಕೊಂಡು ಕೂತರು. ಅಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದೆ.

ಹಾಗಾಗಿ ಮುಂದಿನ ಸಲ ಮೊದಲ ಫೋನಿನಲ್ಲೇ ಕೇಳು: ಎಷ್ಟು ರೌಂಡು, ಸಂಬಳ ಎಷ್ಟರಿಂದ ಎಷ್ಟು, ಯಾವತ್ತು ತಿಳಿಸುತ್ತೀರಿ? ಇಷ್ಟು ಕೇಳಿದ್ದಕ್ಕೆ ಮುಖ ಸಿಂಡರಿಸುವವರ ಹತ್ತಿರ ಕೆಲಸ ಸಿಕ್ಕರೂ ಸುಖವಿಲ್ಲ. ಅಸೈನ್‌ಮೆಂಟಿಗೆ ಎರಡು ಸಂಜೆ, ಅಷ್ಟೇ. ಅಷ್ಟರಲ್ಲಿ ಆದದ್ದನ್ನು ಕಳಿಸಿ, ಉಳಿದದ್ದನ್ನು ಹೇಗೆ ಮಾಡುತ್ತಿದ್ದೆ ಅಂತ ಅರ್ಧ ಪುಟ ಬರೆದಿಡು. ಕೋಡ್ ನಿನ್ನ ಹೆಸರಲ್ಲೇ ಇರಲಿ, ಇನ್ನೊಬ್ಬರಿಗೆ ತೋರಿಸೋಕೆ ಬರುತ್ತದೆ. ಡೆಪಾಸಿಟ್, ಟ್ರೈನಿಂಗ್ ಫೀಸು ಅಂತ ಯಾರಾದರೂ ದುಡ್ಡು ಕೇಳಿದರೆ ಎದ್ದು ಬಾ. ಅಸಲಿ ಮಾರ್ಕ್ಸ್ ಕಾರ್ಡ್ ಯಾರ ಕೈಗೂ ಕೊಡಬೇಡ. ಬಾಂಡ್ ಇದ್ದರೆ ಮನೆಗೆ ತಂದು ಓದಿ ಸಹಿ ಹಾಕು.

ಇನ್ನೊಂದು. ಆಫರ್ ಲೆಟರ್ ಬಂತು ಅಂತ ಉಳಿದ ಕಡೆ ಹೋಗುವುದನ್ನು ನಿಲ್ಲಿಸಬೇಡ. 2022ರಲ್ಲಿ ಇನ್ಫೊಸಿಸ್ ಆಫರ್ ಕೊಟ್ಟ ಮಕ್ಕಳಲ್ಲಿ ಎಷ್ಟೋ ಜನ ಕೆಲಸಕ್ಕೆ ಸೇರಲು 2024ರವರೆಗೆ ಕಾಯಬೇಕಾಯಿತು. ಅವರಲ್ಲಿ 300ಕ್ಕೂ ಹೆಚ್ಚು ಜನರನ್ನು, ಮೂರು ಅವಕಾಶದಲ್ಲೂ ಒಳಪರೀಕ್ಷೆ ಪಾಸಾಗಲಿಲ್ಲ ಅಂತ 2025ರ ಫೆಬ್ರವರಿಯಲ್ಲಿ ಮೈಸೂರು ಕ್ಯಾಂಪಸ್ಸಿನಿಂದ ಕಳಿಸಿದರು. 2023ರಲ್ಲಿ ವಿಪ್ರೊ, 6.5 ಲಕ್ಷದ ಆಫರ್ ಹಿಡಿದು ಕಾಯುತ್ತಿದ್ದವರಿಗೆ 3.5 ಲಕ್ಷಕ್ಕೆ ಬರುತ್ತೀರಾ ಅಂತ ಕೇಳಿತು. ದೊಡ್ಡ ಹೆಸರಿನವರ ಹತ್ತಿರವೇ ಹೀಗಾದರೆ ಸಣ್ಣವರ ಮಾತೇನು? ಮೊದಲ ಸಂಬಳ ಅಕೌಂಟಿಗೆ ಬೀಳುವವರೆಗೆ ಹುಡುಕುತ್ತಲೇ ಇರು.

ಎಚ್‌ಆರ್ ರೌಂಡಿನಲ್ಲಿ ಭಾಷೆಯ ಬಗ್ಗೆ ಅಂಜಬೇಡ. ಬೆಳಗಿನ ಗಾಡಿಯಲ್ಲಿ ಒಂದೇ ಸೀಟಲ್ಲಿ ಕೂತು ಕನ್ನಡ, ತಮಿಳು, ತೆಲುಗು ಮೂರರಲ್ಲೂ ಜಗಳ ಆಡುವವಳು ನೀನು. ಇಂಗ್ಲಿಷು ನಾಲ್ಕನೆಯದು. ಗೊತ್ತಿಲ್ಲದ ಪ್ರಶ್ನೆ ಬಂದರೆ ಮೌನವಾಗಿ ಕೂರದೆ, ಏನು ಯೋಚಿಸುತ್ತಿದ್ದೀಯೋ ಅದನ್ನು ಬಾಯಿಬಿಟ್ಟು ಹೇಳುತ್ತಾ ಹೋಗು.

'ಹೋಲ್ಡ್' ಅಂದ ಆ ಕಂಪನಿಗೆ ಒಂದು ಮೇಲ್ ಹಾಕು. ನನ್ನ ಕೋಡ್ ನೋಡಿದಿರಾ, ನೋಡಿದ್ದರೆ ಎರಡು ಸಾಲು ಬರೆಯಿರಿ, ಅಷ್ಟೇ. ಬೈಗುಳ ಬೇಡ. ಉತ್ತರ ಬರುವುದಿಲ್ಲ ಅಂತ ನನಗನ್ನಿಸುತ್ತದೆ, ಆದರೂ ಹಾಕು.

ಭಾನುವಾರ ಬರುವಾಗ ಆ ಡೆಲಿವರಿ ಆ್ಯಪ್ ತೋರಿಸು. ನನಗೆ ಅರ್ಥವಾಗುವುದಿಲ್ಲ, ಆದರೂ ನೋಡಬೇಕು. ದಿನಾ ಬಾಗಿಲಲ್ಲೇ 'ಏನಾಯ್ತೇ' ಅಂತ ಕೇಳಬೇಡ ಎಂದು ನಿಮ್ಮಮ್ಮನಿಗೆ ಫೋನಿನಲ್ಲಿ ಹೇಳಿದ್ದೇನೆ. ಎರಡು ದಿನ ಸುಮ್ಮನಿರುತ್ತಾಳೆ, ಅದಕ್ಕಿಂತ ಹೆಚ್ಚು ನನ್ನ ಕೈಲಾಗುವುದಿಲ್ಲ.

ಇತಿ,
ನಿನ್ನ ಮಾವ