ಎರಡು ಕೆಂಪು ದೀಪಗಳ ಲೆಕ್ಕ

ಹಳೆಯ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿ ದೀಪ, ಹ್ಯಾಂಡ್‌ಬ್ರೇಕ್ ದೀಪ ಎರಡೂ ಒಟ್ಟಿಗೆ ಹತ್ತಿಕೊಂಡರೆ ಜೇಬಿಗೆ ಎರಡು ಖರ್ಚು ಬಂತೆಂದೇ ಹೆಚ್ಚಿನವರು ತಿಳಿಯುತ್ತಾರೆ. ಗ್ಯಾರೇಜಿನವರೂ ಹಾಗೇ ತಿಳಿದರೆ, ಅಥವಾ ತಿಳಿದವರಂತೆ ನಟಿಸಿದರೆ, ಅಂದಾಜು ಪಟ್ಟಿ ಉದ್ದವಾಗುತ್ತದೆ. ಈ ಅಂಕಣಕಾರನ ಕೈಗೆ ಮೈಸೂರಿನ ಒಂದು ಗ್ಯಾರೇಜಿನಲ್ಲಿ ಬಂದ ಪಟ್ಟಿ ಹೀಗಿತ್ತು: ಹೊಸ ಬ್ಯಾಟರಿಗೆ 4,200 ರೂಪಾಯಿ, ಆಲ್ಟರ್ನೇಟರ್‌ಗೆ 8,500, ಹ್ಯಾಂಡ್‌ಬ್ರೇಕ್ ಕೇಬಲ್‌ಗೆ 1,900, ಕೂಲಿ 1,800. ಒಟ್ಟು 16,400. ಬಾನೆಟ್ ಎತ್ತಿದ್ದು ನಿಜ, ಆದರೆ ಯಾವ ಮೀಟರೂ ಹೊರಗೆ ಬರಲಿಲ್ಲ. ದೀಪ ನೋಡಿ ಬರೆದ ಪಟ್ಟಿ ಅದು.

ಕಾರು ಜಪಾನಿ ವಿನ್ಯಾಸದ ಪುಟ್ಟ ಪೆಟ್ರೋಲ್ ಗಾಡಿ. ನೋಂದಣಿಯ ಹದಿನೈದು ವರ್ಷ ಮುಗಿಯಲು ಹೆಚ್ಚು ಕಾಲವಿರಲಿಲ್ಲ. ಮಾರಲು ಹೋದರೆ ಅರವತ್ತು ಸಾವಿರ ಬಂದರೆ ದೊಡ್ಡದು. ಅಂಥ ಗಾಡಿಗೆ ಅದರ ಬೆಲೆಯ ಕಾಲು ಭಾಗಕ್ಕಿಂತ ಹೆಚ್ಚು ಸುರಿಯುವ ಮೊದಲು ಯಾರಾದರೂ ಅಳೆದು ಹೇಳಲಿ ಎಂಬುದಷ್ಟೇ ಅಂಕಣಕಾರನ ಆಸೆ. ಬ್ಯಾಟರಿಯನ್ನು ಹೊರಗಡೆ ಚಾರ್ಜ್ ಮಾಡಿಸಿ, ಹಗಲಲ್ಲೇ ಹೊರಟು, ದೀಪ ಹಾಕದೆ, ಫ್ಯಾನ್ ತಿರುಗಿಸದೆ ಊರಿನ ದಾರಿ ಹಿಡಿದ. ಊರೆಂದರೆ ಹಂಗಳ.

ಗುಂಡ್ಲುಪೇಟೆಯಿಂದ ಬಂಡೀಪುರದತ್ತ ಹೋಗುವ ರಾಷ್ಟ್ರೀಯ ಹೆದ್ದಾರಿ 181ರಲ್ಲಿ ಹಂಗಳ ಸಿಗುತ್ತದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ತಿರುಗುವವರು ಇಲ್ಲೇ ತಿರುಗಬೇಕು. ಮಳೆಗಾಲದ ಆರಂಭದಲ್ಲಿ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳ ಮುಂದೆ ಫೋಟೊ ತೆಗೆಸಿಕೊಳ್ಳಲು ನಿಲ್ಲುವ ಹೊಸ ಕಾರುಗಳ ಸಾಲಿನ ಪಕ್ಕದಲ್ಲೇ, ತರಕಾರಿ ಮೂಟೆ ತುಂಬಿಕೊಂಡು ತೆರಕಣಾಂಬಿ ಮಾರುಕಟ್ಟೆಗೆ ಹೋಗುವ ಹಳೆಯ ಓಮ್ನಿಗಳೂ ಮಾರುತಿ 800ಗಳೂ ಓಡುತ್ತಿರುತ್ತವೆ. ಮಾರುತಿ 800 ಮೊದಲು ರಸ್ತೆಗಿಳಿದದ್ದು 1983ರಲ್ಲಿ, ತಯಾರಿಕೆ ನಿಂತದ್ದು 2014ರಲ್ಲಿ. ಈ ಭಾಗದಲ್ಲಿ ಮಾತ್ರ ಅದಕ್ಕಿನ್ನೂ ನಿವೃತ್ತಿ ಸಿಕ್ಕಿಲ್ಲ. ಹಳೆಯ ಗಾಡಿಗಳು ಓಡುವ ಕಡೆ ಅವನ್ನು ಬಿಚ್ಚಿ ರಿಪೇರಿ ಮಾಡುವ ಕೈಗಳೂ ಉಳಿದಿರುತ್ತವೆ. ದೊಡ್ಡ ಊರಿನ ಸರ್ವಿಸ್ ಸೆಂಟರಿನಲ್ಲಿ ಡೈನಮೋ ಬಿಚ್ಚುವವರು ಈಗ ವಿರಳ, ಅಲ್ಲಿ ಹಳೆಯದನ್ನು ಎತ್ತಿಟ್ಟು ಹೊಸದನ್ನು ಕೂರಿಸುತ್ತಾರೆ. ಗುಂಡ್ಲುಪೇಟೆಯ ಆಟೋ ಎಲೆಕ್ಟ್ರಿಷಿಯನ್ ಇನ್ನೂ ಬಿಚ್ಚುತ್ತಾನೆ. ಅಂದಹಾಗೆ, ಆಲ್ಟರ್ನೇಟರ್ ಎಂಬ ಹೆಸರು ಬಿಲ್ಲಿನಲ್ಲಿ ಮಾತ್ರ. ಬಾಯಲ್ಲಿ ಅದು ಇವತ್ತಿಗೂ ಡೈನಮೋನೇ.

"ಮೀಟ್ರಲ್ಲಿ ನೋಡ್ತೀನಿ ಇರಿ ಸಾ, ಆಮೇಲ ಬಿಚ್ಚದು" ಎಂದ ಅಲ್ಲಿನ ಎಲೆಕ್ಟ್ರಿಷಿಯನ್. ಎಂಜಿನ್ ಆರಿಸಿ ಬ್ಯಾಟರಿಯ ಎರಡು ಟರ್ಮಿನಲ್‌ಗೂ ಮೀಟರಿನ ಕಡ್ಡಿ ಹಿಡಿದ: 12.1 ವೋಲ್ಟ್. ಸೆಲ್ಫ್ ಹೊಡೆಸಿದ. 10ರ ಆಸುಪಾಸಿಗೆ ಇಳಿದು ಎಂಜಿನ್ ಹತ್ತಿತು. ಎಂಜಿನ್ ಓಡುತ್ತಿರುವಾಗ 11.9, ನೋಡುನೋಡುತ್ತ 11.8. "ಬ್ಯಾಟ್ರಿ ಚೆನ್ನಾಗದ ಕನ ಸಾ, ಡೈನಮೋನೇ ಚಾರ್ಜ್ ಕೊಡ್ತಿಲ್ಲ." ಪಟ್ಟಿಯಿಂದ 4,200 ರೂಪಾಯಿ ಅಲ್ಲೇ ಅಳಿಸಿಹೋಯಿತು.

ಈ ಅಂಕಿಗಳನ್ನು ಕಾರಿರುವ ಎಲ್ಲರೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬಹುದು. ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದರೆ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.2 ಎಂದರೆ ಅರ್ಧ ಖಾಲಿ, 11.9 ಎಂದರೆ ತಳ ಕಾಣುತ್ತಿದೆ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯ ಮೇಲೇ ಅನುಮಾನಪಡಬೇಕು. ಎಂಜಿನ್ ಓಡುವಾಗ 13.8ರಿಂದ 14.5ರ ನಡುವೆ ಇದ್ದರೆ ಡೈನಮೋ ಕೆಲಸ ಮಾಡುತ್ತಿದೆ. ಹೆಡ್‌ಲೈಟ್, ಫ್ಯಾನ್ ಎಲ್ಲ ಹಾಕಿದರೂ 13ಕ್ಕಿಂತ ಮೇಲೇ ನಿಲ್ಲಬೇಕು. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ. ಅದು ಬ್ಯಾಟರಿಯ ನೀರನ್ನು ಕುದಿಸಿ ಒಣಗಿಸುತ್ತದೆ. ಹೊಸ ಬ್ಯಾಟರಿ ಹಾಕಿಸಿಯೂ ವರ್ಷದೊಳಗೆ ಹೋಯಿತೆಂದು ಕಂಪನಿಯನ್ನು ಬೈಯುವವರಲ್ಲಿ ಕೆಲವರ ರೋಗ ಇದೇ ಇರುತ್ತದೆ. ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಮುನ್ನೂರು ರೂಪಾಯಿಯೊಳಗೆ ಸಿಗುತ್ತದೆ. ಕಾರಿನ ಸೀಟ್ ಕವರಿಗೆ ಅದರ ಹತ್ತುಪಟ್ಟು ಕೊಡುವವರು ಇದಕ್ಕೆ ಯೋಚಿಸುವುದು ಯಾಕೋ ತಿಳಿಯದು.

ಇನ್ನು ಹ್ಯಾಂಡ್‌ಬ್ರೇಕ್ ದೀಪದ ವಿಷಯ. ಲಿವರ್ ಪೂರ್ತಿ ಇಳಿಸಿದ್ದರೂ ಅದು ಯಾಕೆ ಹತ್ತಿತ್ತು? ಹಳೆಯ ಹಲವು ಜಪಾನಿ ವಿನ್ಯಾಸದ ಕಾರುಗಳಲ್ಲಿ ಬ್ರೇಕ್ ದೀಪದ ಒಂದು ತಂತಿ ಲಿವರಿನ ಕೆಳಗಿನ ಸ್ವಿಚ್ಚಿಗೆ, ಇನ್ನೊಂದು ಬ್ರೇಕ್ ಆಯಿಲ್ ಡಬ್ಬಿಯ ಸ್ವಿಚ್ಚಿಗೆ ಹೋಗುತ್ತದೆ. ಮೂರನೆಯದು ಒಂದು ಡಯೋಡ್ ಮೂಲಕ ಡೈನಮೋದ ಚಾರ್ಜಿಂಗ್ ದೀಪದ ತಂತಿಗೆ ಸೇರುತ್ತದೆ. ಕಾರಣ ಸರಳ. ಕೀ ತಿರುಗಿಸಿದಾಗ, ಎಂಜಿನ್ ಹತ್ತುವ ಮೊದಲು, ಬಲ್ಬು ಸರಿಯಾಗಿದೆಯೇ ಎಂದು ಚಾಲಕನಿಗೆ ಕಾಣಬೇಕು. ಆಗ ಡೈನಮೋ ವಿದ್ಯುತ್ ಹುಟ್ಟಿಸುತ್ತಿರುವುದಿಲ್ಲ, ಆ ತಂತಿ ಅರ್ಥ್ ಆದಂತೆ ಇರುತ್ತದೆ, ಎರಡೂ ದೀಪ ಹತ್ತುತ್ತವೆ. ಎಂಜಿನ್ ಓಡಿ ಡೈನಮೋ ಎದ್ದ ಕೂಡಲೇ ಅಲ್ಲಿ ಬ್ಯಾಟರಿಯಷ್ಟೇ ವೋಲ್ಟೇಜ್ ಬರುತ್ತದೆ, ಎರಡೂ ಆರುತ್ತವೆ. ಡೈನಮೋ ಕೈಕೊಟ್ಟರೆ ಎರಡೂ ಮತ್ತೆ ಹತ್ತುತ್ತವೆ, ಕೆಲವೊಮ್ಮೆ ಮಂಕಾಗಿ. ಅಂದರೆ ಜೋಡಿ ದೀಪ ಹೇಳುತ್ತಿದ್ದದ್ದು ಒಂದೇ ಕಾಯಿಲೆ. ಹ್ಯಾಂಡ್‌ಬ್ರೇಕ್ ಕೇಬಲ್ಲಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಬ್ರೇಕ್ ದೀಪ ಒಂಟಿಯಾಗಿ ಹತ್ತಿದರೆ ಮಾತ್ರ ಕಥೆಯೇ ಬೇರೆ. ಆಗ ಮೊದಲು ನೋಡಬೇಕಾದ್ದು ಬ್ರೇಕ್ ಆಯಿಲ್. ಮುಂದಿನ ಪ್ಯಾಡ್ ಸವೆದಂತೆಲ್ಲ ಡಬ್ಬಿಯ ಮಟ್ಟ ನಿಧಾನ ಇಳಿಯುತ್ತದೆ, ಎಲ್ಲಾದರೂ ಸೋರಿದರೆ ಬೇಗ ಇಳಿಯುತ್ತದೆ. ಬರೀ ಆಯಿಲ್ ತುಂಬಿ ದೀಪ ಆರಿಸಿಕೊಂಡು ಹೊರಡುವುದು ಘಾಟಿಯ ದಾರಿಯಲ್ಲಿ ಆಡಬಾರದ ಆಟ.

ಡೈನಮೋ ಬಿಚ್ಚುವ ಮುನ್ನ ಎಲೆಕ್ಟ್ರಿಷಿಯನ್ ಬೆಲ್ಟ್ ಒತ್ತಿ ನೋಡಿದ, ಫ್ಯೂಸ್ ನೋಡಿದ, ಟರ್ಮಿನಲ್ ಮೇಲಿನ ಬಿಳಿ ಹುಡಿ ಉಜ್ಜಿದ, ಎಂಜಿನ್ನಿಗೂ ಬಾಡಿಗೂ ನಡುವಿನ ಅರ್ಥ್ ಪಟ್ಟಿ ಅಲುಗಾಡಿಸಿದ. ಇವೆಲ್ಲ ಪುಗಸಟ್ಟೆ ಪರೀಕ್ಷೆಗಳು. ಸಡಿಲ ಬೆಲ್ಟು, ಸುಟ್ಟ ಫ್ಯೂಸು, ತುಕ್ಕು ಹಿಡಿದ ಅರ್ಥ್ ಕೂಡ ಇದೇ ದೀಪ ಹತ್ತಿಸಬಲ್ಲವು. ಎಲ್ಲವೂ ಸರಿಯಿದ್ದ ಮೇಲೆ ಡೈನಮೋ ಕೆಳಗಿಳಿಯಿತು. ಒಳಗೆ ಎರಡು ಕಾರ್ಬನ್‌ಗಳು ಸವೆದು ಮೊಟಕಾಗಿದ್ದವು. ತಿರುಗುವ ಸುರುಳಿಗೆ ಕರೆಂಟ್ ಮುಟ್ಟಿಸುವುದು ಆ ಪುಟ್ಟ ತುಂಡುಗಳ ಕೆಲಸ. ಅವು ಮುಟ್ಟದಿದ್ದರೆ ಅಯಸ್ಕಾಂತವಿಲ್ಲ, ಅಯಸ್ಕಾಂತವಿಲ್ಲದಿದ್ದರೆ ಚಾರ್ಜಿಲ್ಲ. ಡಯೋಡ್ ಪ್ಲೇಟ್ ಸರಿಯಿತ್ತು, ವೈಂಡಿಂಗ್ ಸರಿಯಿತ್ತು. ಬೇರಿಂಗ್ ಸದ್ದು ಮಾಡುತ್ತಿದ್ದುದರಿಂದ, ಬಿಚ್ಚಿದ್ದಾಗಲೇ ಅದನ್ನೂ ಬದಲಿಸುವುದು ಲಾಭವೆಂದು ಹೇಳಿದ. ಆ ಮಾತು ಒಪ್ಪತಕ್ಕದ್ದೇ. ಬೇರಿಂಗ್ ಹೋದ ಮೇಲೆ ಮತ್ತೆ ಬಿಚ್ಚಿಸಿದರೆ ಮತ್ತೆ ಕೂಲಿ. ಕಾರ್ಬನ್ 200, ಬೇರಿಂಗ್ 400, ಕೂಲಿ 600. ಮರಳಿ ಕೂರಿಸಿ ಎಂಜಿನ್ ಹತ್ತಿಸಿದಾಗ ಮೀಟರ್ 14.2 ತೋರಿಸಿತು, ಎರಡೂ ದೀಪ ಆರಿದವು. ಬ್ಯಾಟರಿಯನ್ನು ರಾತ್ರಿಯಿಡೀ ನಿಧಾನ ಚಾರ್ಜಿಗೆ ಹಾಕಲು ಇನ್ನೊಂದು 150.

ಹಳೆಯ ಡ್ರೈವರುಗಳು ಹೇಳಿಕೊಡುವ ಒಂದು ಉಪಾಯವಿದೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಒಂದು ಟರ್ಮಿನಲ್ ಕಿತ್ತು ನೋಡಿ, ಎಂಜಿನ್ ನಿಂತರೆ ಡೈನಮೋ ಹೋಗಿದೆ, ನಿಲ್ಲದಿದ್ದರೆ ಸರಿಯಿದೆ ಎಂದು. ನಿಜವಾದ ಡೈನಮೋ ಇದ್ದ ಕಾಲದ ಬುದ್ಧಿ ಅದು. ಆಲ್ಟರ್ನೇಟರ್ ಇರುವ ಗಾಡಿಯಲ್ಲಿ ಹಾಗೆ ಮಾಡಿದರೆ ವೋಲ್ಟೇಜ್ ಒಮ್ಮೆಗೇ ಜಿಗಿದು ಡಯೋಡ್, ರೆಗ್ಯುಲೇಟರ್, ಎಂಜಿನ್ನಿನ ಕಂಪ್ಯೂಟರ್ ಯಾವುದು ಬೇಕಾದರೂ ಸುಡಬಹುದು. ಇನ್ನೂರು ರೂಪಾಯಿಯ ಕಾರ್ಬನ್ ಕೆಲಸ ಹತ್ತು ಸಾವಿರ ದಾಟಲು ಇದೊಂದೇ ಸಾಕು. ಯಾರಾದರೂ ಟರ್ಮಿನಲ್‌ಗೆ ಸ್ಪ್ಯಾನರ್ ಹಾಕಿದರೆ ಕೈ ಹಿಡಿದು ನಿಲ್ಲಿಸಿ.

ಡೈನಮೋ ಸರಿಯಿದ್ದೂ ಬೆಳಿಗ್ಗೆ ಕಾರು ಹತ್ತದಿದ್ದರೆ ಕರೆಂಟು ಎಲ್ಲೋ ಸೋರುತ್ತಿದೆ. ಲೆಕ್ಕ ಕಷ್ಟದ್ದಲ್ಲ. ಡಿಕ್ಕಿಯೊಳಗಿನ 5 ವ್ಯಾಟ್ ಬಲ್ಬು ಆರದೆ ಉಳಿದರೆ ಸುಮಾರು 0.4 ಆಂಪಿಯರ್ ಎಳೆಯುತ್ತದೆ. 35 ಆಂಪಿಯರ್-ಅವರ್‌ನ ಸಣ್ಣ ಬ್ಯಾಟರಿ ಮೂರೂವರೆ ದಿನದಲ್ಲಿ ಖಾಲಿ. ಕಾರು ಹತ್ತದಷ್ಟು ಇಳಿಯಲು ಅದರ ಅರ್ಧ ಸಮಯವೂ ಬೇಕಿಲ್ಲ. ಎಲ್ಲ ಆರಿಸಿ, ಬಾಗಿಲು ಮುಚ್ಚಿ, ಬ್ಯಾಟರಿಯ ತಂತಿಗೂ ಟರ್ಮಿನಲ್‌ಗೂ ನಡುವೆ ಮೀಟರ್ ಸೇರಿಸಿ ನೋಡಿದಾಗ 50 ಮಿಲಿ ಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ. ಹೆಚ್ಚಿದ್ದರೆ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡಬೇಕು. ಯಾವುದನ್ನು ಕಿತ್ತಾಗ ಅಂಕಿ ಬೀಳುತ್ತದೋ ಆ ಸಾಲಿನಲ್ಲೇ ಕಳ್ಳನಿದ್ದಾನೆ. ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ ಸಿಕ್ಕಿಬೀಳುವುದು ಆಮೇಲೆ ಹಾಕಿಸಿದ ಮ್ಯೂಸಿಕ್ ಸಿಸ್ಟಮ್.

ಹ್ಯಾಂಡ್‌ಬ್ರೇಕ್ ದೀಪ ನಿರಪರಾಧಿ ಎಂದಾಯಿತು. ಹ್ಯಾಂಡ್‌ಬ್ರೇಕ್ ನಿರಪರಾಧಿಯಾಗಿರಲಿಲ್ಲ. ಲಿವರ್ ಎಳೆದರೆ ಕಿಟಕಿಟ ಎನ್ನುತ್ತ ಎದೆಯ ಹತ್ತಿರಕ್ಕೇ ಬರುತ್ತಿತ್ತು. ಸಾಮಾನ್ಯವಾಗಿ ನಾಲ್ಕರಿಂದ ಏಳು ಕ್ಲಿಕ್‌ನೊಳಗೆ ಹಿಡಿಯಬೇಕು. ಇಂಥ ಕಡೆ ಮೆಕ್ಯಾನಿಕ್‌ಗಳು ಮಾಡುವ ಸುಲಭ ಕೆಲಸವೆಂದರೆ ಕೇಬಲ್ಲಿನ ನಟ್ ತಿರುಗಿಸಿ ಬಿಗಿ ಮಾಡುವುದು. ಲಿವರ್ ಗಟ್ಟಿಯಾಗುತ್ತದೆ, ಗಿರಾಕಿ ಖುಷಿಯಾಗುತ್ತಾನೆ. ಮೂಲ ತೊಂದರೆ ಹಿಂದಿನ ಡ್ರಮ್ಮಿನೊಳಗೆ ಹಾಗೇ ಉಳಿಯುತ್ತದೆ. ಲೈನರ್ ಸವೆದಿದ್ದರೆ, ಅದನ್ನು ಡ್ರಮ್ಮಿಗೆ ಹತ್ತಿರ ತರುವ ಅಡ್ಜಸ್ಟರ್ ತುಕ್ಕು ಹಿಡಿದಿದ್ದರೆ, ಕೇಬಲ್ ಎಷ್ಟು ಎಳೆದರೂ ದಕ್ಕುವುದಿಲ್ಲ. ಅತಿಯಾಗಿ ಎಳೆದರೆ ಲೈನರ್ ಸದಾ ಉಜ್ಜುತ್ತಾ ಪೆಟ್ರೋಲ್ ಕುಡಿಯುತ್ತದೆ. ಸ್ವಲ್ಪ ದೂರ ಓಡಿಸಿ ಇಳಿದು ಹಿಂದಿನ ಎರಡೂ ಚಕ್ರಗಳ ಹತ್ತಿರ ಕೈ ಹಿಡಿದರೆ ಯಾವುದು ಹೆಚ್ಚು ಬಿಸಿಯೆಂದು ಗೊತ್ತಾಗುತ್ತದೆ.

ಅಂಕಣಕಾರನ ಗಾಡಿಯಲ್ಲಿ ಕೇಬಲ್ ತುದಿ ಬಿಡಿಸಿ ಕೈಯಿಂದ ಎಳೆದಾಗ ಸಲೀಸಾಗಿ ಸರಿಯಿತು. ಎಳೆ ಬಿಟ್ಟಿರಲಿಲ್ಲ, ತುಕ್ಕೂ ಇರಲಿಲ್ಲ. 1,900 ರೂಪಾಯಿಯ ಆ ಸಾಲೂ ಹೋಯಿತು. ಲೈನರ್ ಮುಗಿದಿತ್ತು, ಅಡ್ಜಸ್ಟರ್ ಕಚ್ಚಿಕೊಂಡಿತ್ತು. ಚಕ್ರದ ಸಿಲಿಂಡರ್ ಸೋರಿ ಹೊಸ ಲೈನರ್‌ಗೆ ಎಣ್ಣೆ ಹತ್ತಬಾರದೆಂದು ಅದರ ರಬ್ಬರ್ ಎತ್ತಿ ನೋಡಿದರು, ಒಳಗೆ ಎಣ್ಣೆಯ ಪಸೆ ಇರಲಿಲ್ಲ. ಲೈನರ್ 850, ಬಿಚ್ಚಿ ತೊಳೆದು ಜೋಡಿಸಿದ ಕೂಲಿ 550. ಮೊದಲು ಡ್ರಮ್ಮಿನೊಳಗೆ ಅಡ್ಜಸ್ಟ್ ಮಾಡಿ, ಕೊನೆಯಲ್ಲಿ ಕೇಬಲ್ ಮುಟ್ಟಿದರು. ಅನುಕ್ರಮ ಅದೇ ಸರಿ. ಎಲ್ಲ ಸೇರಿ ಖರ್ಚು 2,750. ಪಟ್ಟಿಗೂ ಇದಕ್ಕೂ ಅಂತರ 13,650.

ಉಳಿದ ಆ ಹಣ ಎಲ್ಲಿಗೆ ಬೇಕಾಗುತ್ತದೆ ಎಂಬುದನ್ನೂ ಹೇಳಬೇಕು, ಯಾಕೆಂದರೆ ಹಳೆಯ ಕಾರಿನ ದೊಡ್ಡ ಖರ್ಚು ಗ್ಯಾರೇಜಿನಲ್ಲಿ ಮಾತ್ರ ಇರುವುದಿಲ್ಲ. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಆ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್ 1ರಿಂದ 5,000 ಆಯಿತು. ಇಪ್ಪತ್ತು ವರ್ಷ ದಾಟಿದ ಕಾರಿಗೆ ಅದನ್ನು 2025ರ ಆಗಸ್ಟ್‌ನಲ್ಲಿ 10,000ಕ್ಕೆ ಏರಿಸಲಾಯಿತು. ಹಸಿರು ತೆರಿಗೆ ಬೇರೆ. 1,000 ಸಿಸಿಯೊಳಗಿನ ಕಾರಿಗೆ ಥರ್ಡ್ ಪಾರ್ಟಿ ವಿಮೆಯ ಕಂತು, 2022ರಲ್ಲಿ ನಿಗದಿಯಾದಂತೆ, ತೆರಿಗೆ ಬಿಟ್ಟು 2,094. ಸಮಾಧಾನದ ಸಂಗತಿಯೂ ಒಂದಿದೆ: 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಎಲ್ಲಕ್ಕೂ 18 ಪರ್ಸೆಂಟ್. ಮೊದಲು ಹಲವಕ್ಕೆ 28 ಇತ್ತು. ಸ್ಪೇರ್ಸ್ ಅಂಗಡಿಯಲ್ಲಿ ಹಳೆಯ ದರಪಟ್ಟಿ ತೋರಿಸಿದರೆ ಬಿಲ್ ಕೇಳಬೇಕು. ಬ್ಯಾಟರಿ ನಿಜವಾಗಿಯೂ ಬದಲಿಸಬೇಕಾಗಿ ಬಂದರೆ ಹಳೆಯದನ್ನು ಸುಮ್ಮನೆ ಬಿಟ್ಟು ಬರಬಾರದು. ಒಳಗಿನ ಸೀಸಕ್ಕೆ ಬೆಲೆಯಿದೆ, ಎಕ್ಸ್‌ಚೇಂಜ್ ಎಂದು ಕೇಳಿದರೆ ಅಂಗಡಿಯವರು ಕಳೆಯುತ್ತಾರೆ.

ಈ ರಸ್ತೆಗೆ ಸೇರಿದ ಒಂದು ಮಾತು ಉಳಿದಿದೆ. ಬಂಡೀಪುರದೊಳಗಿನ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧವಿದೆ. ಹಾಗಾಗಿ ಸಂಜೆ ಹೊರಟವರಿಗೆ ಒಂಬತ್ತರೊಳಗೆ ಕಾಡು ದಾಟುವ ಆತುರ. ಆದರೆ ಡೈನಮೋ ಸತ್ತ ಕಾರು ಬ್ಯಾಟರಿಯ ಮೇಲೇ ಓಡುತ್ತದೆ. ಎರಡು ಹೆಡ್‌ಲೈಟ್‌ಗಳೇ ಒಂಬತ್ತು ಆಂಪಿಯರ್‌ನಷ್ಟು ತಿನ್ನುತ್ತವೆ, ಇಗ್ನಿಷನ್ನು, ಪೆಟ್ರೋಲ್ ಪಂಪು ಸೇರಿದರೆ ಇನ್ನೂ ಹೆಚ್ಚು. ಅರ್ಧ ತುಂಬಿದ ಸಣ್ಣ ಬ್ಯಾಟರಿ ಒಂದು ಗಂಟೆ ಎಳೆದರೆ ಪುಣ್ಯ. ಸಂಜೆ ಊಟಿಯಿಂದ ಇಳಿಯುವಾಗ ದೀಪ ಹತ್ತಿದರೆ ಕಾಡು ದಾಟಿಬಿಡೋಣ ಎನ್ನಬೇಡಿ. ಆನೆ ಓಡಾಡುವ ಜಾಗದಲ್ಲಿ ಇಳಿದು ತಳ್ಳುವಂತಿಲ್ಲ. ಗೂಡಲೂರಿನಲ್ಲೇ ತೋರಿಸಿ. ಮಸಿನಗುಡಿಯ ಕಡೆಯಿಂದ ಹತ್ತುವ ಕಲ್ಲಟ್ಟಿ ಘಾಟಿಗೆ 36 ಹೇರ್‌ಪಿನ್ ತಿರುವುಗಳಿವೆ. ಅಂಥ ಇಳಿಜಾರಿನಲ್ಲಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಜೊತೆಗೆ ಗೇರಿನಲ್ಲೂ ಬಿಡಿ, ಚಕ್ರಕ್ಕೆ ಕಲ್ಲು ಕೊಡಿ. ಊಟಿಯ ತೇವದಲ್ಲಿ ರಾತ್ರಿಯೆಲ್ಲ ಸಮತಟ್ಟು ಜಾಗದಲ್ಲಿ ನಿಲ್ಲುವ ಕಾರಿಗೆ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರು, ಕಲ್ಲು ಎರಡರಲ್ಲೇ ಬಿಡುವುದು ವಾಸಿ. ಇಲ್ಲದಿದ್ದರೆ ಲೈನರ್ ಡ್ರಮ್ಮಿಗೆ ಅಂಟಿಕೊಂಡು ಬೆಳಿಗ್ಗೆ ಗಾಡಿ ಅಲುಗುವುದಿಲ್ಲ.

ನೋಂದಣಿ ನವೀಕರಣಕ್ಕೆ ಹೋಗುವವರು ಆರ್‌ಟಿಒ ಮುಂದೆ ಗಾಡಿ ನಿಲ್ಲಿಸುವ ಒಂದು ತಿಂಗಳ ಮೊದಲೇ ಹಿಂದಿನ ಡ್ರಮ್ ತೆಗೆಸಿ ನೋಡಿಸಿ, ಡೈನಮೋ ವೋಲ್ಟ್ ಅಳೆಯಿಸಿ. ಅಲ್ಲಿನ ಎಫ್‌ಸಿ, ಅಂದರೆ ಫಿಟ್‌ನೆಸ್ ಪರೀಕ್ಷೆಯಲ್ಲಿ ಬ್ರೇಕನ್ನೂ ದೀಪಗಳನ್ನೂ ನೋಡುತ್ತಾರೆ. ಆತುರದ ಹೊತ್ತಿನಲ್ಲಿ ಗ್ಯಾರೇಜಿನವರು ಹೇಳಿದ್ದೇ ರೇಟು. ಅಳೆದು ನೋಡಿದ್ದಕ್ಕೆ ನೂರಿನ್ನೂರು ರೂಪಾಯಿ ಕೇಳಿದರೆ ಚೌಕಾಸಿ ಮಾಡದೆ ಕೊಡಿ, ಮೀಟರ್ ಹಿಡಿಯದೆ ಬರೆದ ಪಟ್ಟಿಗೆ ಮಾತ್ರ ಮುಂಗಡ ಕೊಡಬೇಡಿ.